ಒಂದು ಹೆಬ್ಬೆರಳಿನಷ್ಟು ದೂರ

ವಿಮಾ ಕಂಪನಿ ಹೇಗೆ ಮುಳುಗಬಹುದು ಎಂದು ಕಲ್ಪಿಸಿ ಬರೆಯುವ ಕೆಲಸ ಆ ವರ್ಷ ಸೊಸೆಯ ಪಾಲಿಗೆ ಬಂತು. ಕಚೇರಿಯಲ್ಲೂ ಅವಳನ್ನು ಸೊಸೆ ಎಂದೇ ಕರೆಯುತ್ತಿದ್ದರು. ಅವಳ ಮಾವ ಅಲ್ಲಿಯ ಹಿರಿಯ ಸರ್ವೇಯರ್. ಯಾವ ಅನಾಹುತ ನಡೆದರೆ ನಿಮ್ಮಲ್ಲಿರುವ ಹಣ ಸಾಲದೆ ಹೋಗುತ್ತದೆ, ನೀವೇ ಯೋಚಿಸಿ ಹೇಳಿ ಎಂದು ಸರ್ಕಾರದ ವಿಮಾ ನಿಯಂತ್ರಣ ಮಂಡಳಿ ವರ್ಷಕ್ಕೊಮ್ಮೆ ಕೇಳುತ್ತಿತ್ತು. ಕಂಪನಿಯವರು ಹಿಂದಿನ ವರ್ಷದ ವರದಿಗೆ ತಾರೀಕು ಬದಲಿಸಿ ಕಳಿಸುತ್ತಿದ್ದರು. ಅದರಲ್ಲಿ ಭೂಕಂಪವಾಗುತ್ತಿತ್ತು, ಕಂಪನಿ ಗಂಭೀರವಾಗಿ ಪ್ರಾಣ ಬಿಡುತ್ತಿತ್ತು, ಎಲ್ಲರೂ ಸಹಿ ಹಾಕಿ ಚಹಾ ಕುಡಿಯುತ್ತಿದ್ದರು.

ಹಣಕಾಸು ವಿಭಾಗದ ಮುಖ್ಯಸ್ಥೆಗೆ ಮೀಸಲು ಮೇಡಂ ಎಂಬ ಅಡ್ಡಹೆಸರು. ಹುಟ್ಟುಹಬ್ಬದ ಶುಭಾಶಯಕ್ಕೂ ಮೀಸಲು ನಿಧಿಯ ಲೆಕ್ಕ ಸೇರಿಸುವ ಹೆಂಗಸು. ಫೈಲು ಕೊಡುವಾಗ ಮಾತ್ರ ಅವರ ಕೈ ಅರ್ಧದಲ್ಲಿ ನಿಂತಿತು.

"ಸಾಯೋದು ಗೀಯೋದು ಅಂತೆಲ್ಲ ಯೋಚನೆ ಮಾಡ್ಬೇಕಾಗುತ್ತೆ. ಬೇರೆಯವರಿಗೆ ಕೊಡ್ಲಾ?"

"ಬೇಡ ಮೇಡಂ, ನಾನೇ ಬರೀತೀನಿ."

ಅವಳ ಗಂಡ ತೀರಿಹೋಗಿ ಎರಡನೆಯ ವರ್ಷ ನಡೆಯುತ್ತಿತ್ತು. ಅಂದಿನಿಂದ ಅವಳು ಹೇಳಿದ ಕೆಲಸ ಮಾಡುತ್ತಿದ್ದಳು, ಬಡಿಸಿದ್ದನ್ನು ಉಣ್ಣುತ್ತಿದ್ದಳು. ಏನು, ಎತ್ತ ಎಂದು ಯಾರನ್ನೂ ಕೇಳಿರಲಿಲ್ಲ.

ಮಾವನ ಕೋಣೆಯಲ್ಲಿ ಒಂದು ಗೋಡೆಯ ತುಂಬ ಊರಿನ ನಕ್ಷೆ. ಬೆಂಕಿ ವಿಮೆ ಮಾಡಿಸಿದ ಪ್ರತಿ ಅಂಗಡಿಗೂ ಕೆಂಪು ತಲೆಯ ಒಂದು ಗುಂಡುಸೂಜಿ. ಹೊಸ ಅರ್ಜಿ ಬಂದರೆ ಮಾವ ಆ ವಿಳಾಸದ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಬೆರಳಿನಡಿ ಬೇರೆ ಸೂಜಿ ಸಿಕ್ಕಿತೋ, ಅರ್ಜಿ ವಾಪಸ್. ಒಂದು ಬೆಂಕಿ ಎರಡು ಸೂಜಿಗಳನ್ನು ಸುಡಬಾರದು. ಅವರ ಶಾಸ್ತ್ರ ಅಷ್ಟೇ. ಕಚೇರಿಯವರು ಅವರನ್ನು ಹೆಬ್ಬೆರಳು ಸರ್ ಎನ್ನುತ್ತಿದ್ದರು, ಎದುರಿಗೇ. ಆ ಬೆರಳಿನ ಕಾಲದಲ್ಲಿ ನಷ್ಟವಾದ ಯಾವ ಗಿರಾಕಿಗೂ ಕಂಪನಿ ಹಣವಿಲ್ಲವೆಂದು ಕೈಯೆತ್ತಿರಲಿಲ್ಲ. ತಿಂಗಳ ಕೊನೆಗೆ ಮಾವ ನಿವೃತ್ತರಾಗುವವರಿದ್ದರು. ಆ ನಕ್ಷೆಗೆ ಕಟ್ಟು ಹಾಕಿಸಿ ಮುಂಬಾಗಿಲಲ್ಲಿ ತೂಗುಹಾಕುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಮಗ ಹೋದ ಮೇಲೆ ಮಾವ ನಕ್ಕದ್ದು ಆ ಸುದ್ದಿ ಕೇಳಿದ ದಿನ ಒಂದೇ.

ಸೊಸೆ ವರದಿಗಾಗಿ ನಕ್ಷೆಯ ಮುಂದೆ ಕುಳಿತಳು. ಸಸಿ ನೆಟ್ಟಂತೆ ಸಮ ಅಂತರದಲ್ಲಿ ಸೂಜಿಗಳು. ನೋಡುತ್ತ ನೋಡುತ್ತ ಅವಳಿಗೆ ಏನೋ ವಿಚಿತ್ರವೆನಿಸಿತು. ಯಾವ ಊರಿನಲ್ಲಿ ವ್ಯಾಪಾರ ಇಷ್ಟು ಶಿಸ್ತಾಗಿ ಹರಡಿಕೊಂಡಿರುತ್ತದೆ? ಕಾಲುವೆಯ ಪಕ್ಕದ ಹಳೆಯ ಹತ್ತಿ ಗಿರಣಿಯ ಮುಂದೆ ದಿನವಿಡೀ ಲಾರಿಗಳ ಸಾಲು ನಿಂತಿರುತ್ತಿತ್ತು. ನಕ್ಷೆಯಲ್ಲಿ ಅಲ್ಲಿ ಒಂದೇ ಸೂಜಿ, ಸುತ್ತ ಬಯಲು.

"ಮಾವ, ಈ ಸೂಜಿಗಳ ಕೆಳಗೆ ಏನಿದೆ ಅಂತ ಯಾರಾದ್ರೂ ಹೋಗಿ ನೋಡ್ತಾರಾ?"

ಮಾವ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಎಷ್ಟೋ ಕಾಲದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಮಂಡಿ ಗಟ್ಟಿ ಇರೋವರೆಗೂ ನಾನೇ ನೋಡ್ತಿದ್ದೆ. ಈಗ ಏಜೆಂಟರು ನೋಡ್ತಾರೆ."

"ನಾನು ಹೋಗ್ಲಾ?"

"ಹೋಗಮ್ಮ. ಬಿಸಿಲಿಗೆ ಮುಖದಲ್ಲಿ ಒಂಚೂರು ಕಳೆಯಾದ್ರೂ ಬರುತ್ತೆ."

ಮೊದಲ ಸೂಜಿ ಹಾಸಿಗೆ ಅಂಗಡಿಯದು. ಒಳಗೆ ಎರಡು ಹಾಸಿಗೆ. ಒಂದರ ಮೇಲೆ ಮಾಲೀಕ ಮಲಗಿದ್ದ.

"ಸರಕೆಲ್ಲ ಎಲ್ಲಿ?"

"ಗಿರಣಿಯಲ್ಲಿ," ಎಂದು ಅವನು ಮಲಗಿದ್ದಲ್ಲಿಂದಲೇ ಹೇಳಿದ. "ಇಲ್ಲಿ ಇರೋದು ಮಾದರಿಗೆ. ಇನ್ನೊಂದು ಖಾಲಿ ಇದೆ, ಒರಗಿ ನೋಡ್ತೀರಾ?"

ಎರಡನೆಯದು ಕಾಗದದ ವ್ಯಾಪಾರಿಯದು. ಒಂದು ಮೇಜು, ಒಂದು ಫೋನು, ಗೋಡೆಗೆ ಒಂದು ಕ್ಯಾಲೆಂಡರು. ಕಾಗದವೆಲ್ಲ ಗಿರಣಿಯಲ್ಲಿ. ಮೂರನೆಯ ಸೂಜಿಯ ಬಳಿ ಹೋಗುವಾಗ ಸೊಸೆಯ ಹೆಜ್ಜೆ ತಾನಾಗಿ ಚುರುಕಾಗಿತ್ತು. ಅದು ಆಟಿಕೆ ಮಾರುವ ಹೆಂಗಸಿನ ಅಂಗಡಿ.

"ನಾನೇನು ಮುಚ್ಚಿಟ್ಟಿಲ್ಲಮ್ಮ," ಎಂದಳು ಆಕೆ. "ಗಿರಣಿ ಮುಚ್ಚಿದ ಮೇಲೆ ಒಳಗೆಲ್ಲ ಕೋಣೆ ಮಾಡಿ ಬಾಡಿಗೆಗೆ ಕೊಟ್ರು. ಕಡಿಮೆ ಬಾಡಿಗೆ, ನಾವೆಲ್ಲ ಅಲ್ಲಿಗೇ ಹೋದ್ವಿ. ಅರ್ಜೀಲಿ ಮೊದಲು ಗಿರಣಿ ವಿಳಾಸಾನೇ ಬರೆದಿದ್ದೆ. ಅಲ್ಲಿ ಆಗಲೇ ಸೂಜಿ ಇದೆ, ಬೆರಳು ಒಪ್ಪಲ್ಲ ಅಂತ ವಾಪಸ್ ಬಂತು. ಆಮೇಲೆ ನಿಮ್ಮ ಏಜೆಂಟರೇ ದಾರಿ ಹೇಳಿದ್ರು. ಅಂಗಡಿ ವಿಳಾಸ ಬರೀರಿ, ಸರಕು ಊರೊಳಗೆ ಎಲ್ಲಿದ್ರೂ ವಿಮೆ ಸಿಗುತ್ತೆ ಅಂತ. ಸಿಗುತ್ತೆ ತಾನೆ?"

ಸಿಗುತ್ತಿತ್ತು. ಸಣ್ಣ ವ್ಯಾಪಾರಿಗಳಿಗೆ ಅನುಕೂಲವಾಗಲೆಂದು ಆ ಷರತ್ತನ್ನು ಪಾಲಿಸಿಯಲ್ಲಿ ಸೇರಿಸಿದ್ದವರು ಮಾವನೇ. ಯಾರೂ ಸುಳ್ಳು ಹೇಳಿರಲಿಲ್ಲ. ಬೆರಳು ಚಾಪೆಯ ಕೆಳಗೆ ತೂರಿದರೆ ಏಜೆಂಟರು ರಂಗೋಲಿಯ ಕೆಳಗೆ ತೂರಿದ್ದರು, ಅಷ್ಟೇ.

ಗಿರಣಿಯ ಒಳಗೆ ಪ್ಲೈವುಡ್ ಗೋಡೆಗಳ ಓಣಿ. ಒಂದು ಕೋಣೆಯಲ್ಲಿ ಸೂರಿನವರೆಗೆ ಹಾಸಿಗೆ, ಪಕ್ಕದಲ್ಲಿ ಕಾಗದ, ಅದರಾಚೆ ಬಣ್ಣಬಣ್ಣದ ಪ್ಲಾಸ್ಟಿಕ್ ಕುದುರೆಗಳು, ಆಮೇಲೆ ಪರದೆ ಬಟ್ಟೆ, ಕುರ್ಚಿ, ಮೇಣದಬತ್ತಿ. ಎಲ್ಲದರ ತಲೆಯ ಮೇಲೆ ಜೋತುಬಿದ್ದ ಒಂದೇ ವಿದ್ಯುತ್ ತಂತಿ. ಓಣಿಯ ತುದಿಯಲ್ಲಿ ಕಾವಲುಗಾರ ಒಲೆ ಹಚ್ಚಿ ಚಹಾ ಕಾಯಿಸುತ್ತಿದ್ದ.

"ಇಲ್ಲಿ ಬೆಂಕಿ ಹಚ್ಚೋಕೆ ಭಯ ಆಗಲ್ವಾ?"

"ಭಯ ಯಾಕಮ್ಮ? ಎಲ್ರಿಗೂ ವಿಮೆ ಇದೆ."

ಸೊಸೆ ಓಣಿಯ ಆ ತುದಿಯಿಂದ ಈ ತುದಿಗೆ ಇನ್ನೊಮ್ಮೆ ಕಣ್ಣಾಡಿಸಿದಳು. ಅವಳಿಗಾದದ್ದು ಹೆದರಿಕೆಯಲ್ಲ, ಹೀಗೂ ಇರಬಹುದೇ ಎಂಬ ಬೆರಗು. ಊರೆಲ್ಲ ಚದುರಿದ್ದ ಸೂಜಿಗಳು ಇಲ್ಲಿ ಒಂದರ ಬೆನ್ನಿಗೆ ಒಂದು ಒತ್ತಿಕೊಂಡು ನಿಂತಿದ್ದವು. ಅವುಗಳನ್ನು ಇಲ್ಲಿಗೆ ತಂದದ್ದು ಕಡಿಮೆ ಬಾಡಿಗೆ, ನಕ್ಷೆಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟದ್ದು ಆ ಹೆಬ್ಬೆರಳೇ. ಮಾವನ ನಗು ನೆನಪಾದದ್ದು ಆಮೇಲೆ, ಹೊರಗೆ ಬಂದ ಮೇಲೆ.

ಮೀಸಲು ಮೇಡಂ ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟರು.

"ನಿಯಂತ್ರಣ ಮಂಡಳಿ ಕೇಳೋದಕ್ಕಿಂತ ನಮ್ಮ ಮೀಸಲು ಎರಡರಷ್ಟಿದೆ ಅಂತ ಎದೆ ತಟ್ಟಿಕೊಂಡು ಕೂತಿದ್ದೆ. ಗಿರಣಿಗೆ ಒಂದು ಕಿಡಿ ಬಿದ್ರೆ ಅರ್ಧ ಜನಕ್ಕೆ ಕೊಡೋಕೆ ನಮ್ಮ ಹತ್ರ ಏನೂ ಇರಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

"ದಾರಿ ಇಲ್ವಾ?"

"ಇದೆ. ಮರುವಿಮೆ. ಗಿರಾಕಿಗಳ ನಷ್ಟಕ್ಕೆ ನಾವು ವಿಮೆ ಕೊಟ್ಟ ಹಾಗೆ, ನಮ್ಮ ನಷ್ಟಕ್ಕೆ ಇನ್ನೊಂದು ದೊಡ್ಡ ಕಂಪನಿಯಿಂದ ನಾವು ವಿಮೆ ತಗೊಳ್ಳೋದು. ಆದ್ರೆ ಅದಕ್ಕೆ ಮೊದಲು ನಕ್ಷೆ ತಪ್ಪು ಅಂತ ಬರೀಬೇಕು." ಮೇಡಂ ದನಿ ತಗ್ಗಿಸಿದರು. "ಸೊಸೆ, ಈ ತಿಂಗಳು ಭೂಕಂಪಾನೇ ಇರ್ಲಿ. ನಿನ್ನ ಮಾವ ಮರ್ಯಾದೆಯಿಂದ ಮನೆಗೆ ಹೋಗ್ಲಿ. ಆಮೇಲೆ ಬರಿ."

"ಅಲ್ಲೀವರೆಗೂ ಆ ಒಲೆ ಕಾಯುತ್ತಾ ಮೇಡಂ?"

ಮೇಡಂ ಲೆಕ್ಕದ ಹಾಳೆಯನ್ನು ಅವಳ ಕಡೆಗೆ ಸರಿಸಿದರು.

ಅಂದು ರಾತ್ರಿ ಅತ್ತೆ ಮಾವನ ಜೊತೆ ಊಟಕ್ಕೆ ಕುಳಿತಾಗ ಸೊಸೆ ಎರಡು ಬಾರಿ ಬಾಯಿ ತೆರೆದು ಮುಚ್ಚಿದಳು. ಮನೆಯಲ್ಲಿ ಮಗನ ಮಾತು ಬರದಂತೆ ಮೂವರೂ ಎಚ್ಚರದಿಂದ ಮಾತಾಡುತ್ತಿದ್ದ ಕಾಲ ಅದು. ಮಾವನ ಬಳಿ ಉಳಿದಿದ್ದದ್ದು ಆ ನಕ್ಷೆ. ಅವಳಿಗೆ ತನ್ನವರೆಂದು ಉಳಿದಿದ್ದವರು ಈ ಇಬ್ಬರು.

"ಮಾವ, ಗಿರಣಿಗೆ ಒಂದು ಸಲ ಬರ್ತೀರಾ? ನಾನು ಹೇಳೋದಕ್ಕಿಂತ ನೀವೇ ನೋಡಿದ್ರೆ ಒಳ್ಳೇದು."

"ನಿಮ್ಮಿಬ್ರಿಗೂ ತಟ್ಟೆ ಮುಂದೇನೂ ಬೆಂಕಿ ವಿಮೇನೇ," ಎಂದರು ಅತ್ತೆ. "ಊಟ ಆರಿ ತಣ್ಣಗಾಗ್ತಿದೆ, ಅದರ ನಷ್ಟ ಯಾರು ಕಟ್ಟಿಕೊಡ್ತಾರೆ?"

ಮಾವ ಸೊಸೆಯ ಮುಖವನ್ನೇ ನೋಡುತ್ತಿದ್ದರು. "ಬರ್ತೀನಿ," ಎಂದರು.

ಮರುದಿನ ಅವರು ಕೋಲೂರಿಕೊಂಡು ಗಿರಣಿಯ ಓಣಿಯುದ್ದಕ್ಕೂ ನಡೆದರು. ಪ್ರತಿ ಬಾಗಿಲಲ್ಲಿ ನಿಂತು, ಇದು ಯಾರದು ಎಂದು ಕೇಳಿದರು. ಕಾವಲುಗಾರ ಹೇಳಿದ ಪ್ರತಿ ಹೆಸರೂ ಅವರಿಗೆ ಗೊತ್ತಿತ್ತು. ಕೊನೆಕೊನೆಗೆ ಅವನು ಬಾಯಿ ಬಿಡುವ ಮೊದಲೇ ಅವರೇ ಹೇಳತೊಡಗಿದರು. ಹೊರಡುವಾಗ ಬಗ್ಗಿ, ಮಂಡಿ ನೋವಿಗೆ ಮುಖ ಕಿವಿಚಿ, ಒಲೆಯನ್ನು ಆರಿಸಿದರು.

"ಚಹಾ ಇನ್ನೂ ಕುದ್ದಿಲ್ಲ ಸ್ವಾಮಿ!"

"ಹೊರಗೆ ಕುಡಿ ಬಾ. ನಾನು ಕೊಡಿಸ್ತೀನಿ."

ಕಚೇರಿಗೆ ಬಂದ ಮಾವ ಟೋಪಿ ತೆಗೆಯದೆ ನಕ್ಷೆಯ ಮುಂದೆ ನಿಂತರು. ಹಾಸಿಗೆ ಅಂಗಡಿಯ ಸೂಜಿ ಕಿತ್ತು ಗಿರಣಿಯ ಮೇಲೆ ಚುಚ್ಚಿದರು. ಕಾಗದದ್ದು, ಆಟಿಕೆಯದು, ಪರದೆ ಬಟ್ಟೆಯದು. ತಲೆಗೆ ತಲೆ ತಾಗಿ ಸೂಜಿಗಳು ಓರೆಯಾದವು. ಮಾವ ಬಿಡಲಿಲ್ಲ. ಮೇಣದಬತ್ತಿಯ ಸೂಜಿಯನ್ನು ಒತ್ತಿದಾಗ ನಕ್ಷೆ ಹರಿದು, ಹಿಂದಿನ ಗೋಡೆಯ ಗಾರೆ ಚೂರು ನೆಲಕ್ಕೆ ಉದುರಿತು. ಊರಿನ ನಡುವೆ ಒಂದು ಹೆಬ್ಬೆರಳು ಹಿಡಿಸುವಷ್ಟು ತೂತು.

ಬಾಗಿಲಲ್ಲಿ ನಿಂತಿದ್ದ ಮೀಸಲು ಮೇಡಂ ಒಂದು ಹೆಜ್ಜೆ ಒಳಗಿಟ್ಟರು.

"ಕಟ್ಟು ಹಾಕಿಸ್ತೀವಿ ಅಂದಿದ್ರಲ್ಲ," ಎಂದರು ಮಾವ, ತಿರುಗಿ ನೋಡದೆ. "ಹಾಕಿಸಿ. ತೂತು ಮುಚ್ಚಬೇಡಿ."

ಮೇಡಂ ಹೋದ ಮೇಲೆ ಸೊಸೆ ಗಾರೆಯ ಚೂರುಗಳನ್ನು ಕೈಯಲ್ಲಿ ಬಳಿದಳು.

"ಸಿಟ್ಟು ಬಂತಾ ಮಾವ?"

"ಬಂದಿದೆ. ಯಾರ ಮೇಲೆ ಅಂತ ಹುಡುಕ್ತಿದ್ದೀನಿ. ಸಿಗ್ತಿಲ್ಲ." ಓರೆಯಾದ ಒಂದು ಸೂಜಿಯನ್ನು ನೆಟ್ಟಗೆ ಮಾಡುತ್ತ ಹೇಳಿದರು, "ಒಂದೂವರೆ ವರ್ಷದಿಂದ ಹುಡುಕ್ತಿದ್ದೀನಿ."

ಅವಳು ಅವರ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಅವಳೂ ಅದನ್ನೇ ಹುಡುಕುತ್ತಿದ್ದಳೆಂದು ಹೇಳುವ ಅಗತ್ಯವಿರಲಿಲ್ಲ. ಹಿಂದಿನ ವರ್ಷದ ಭೂಕಂಪದ ಮೇಲೆ ಗೆರೆ ಎಳೆದು, ವರದಿಯ ಮೊದಲ ಸಾಲಿನಲ್ಲಿ ಗಿರಣಿ ಎಂದು ಬರೆದಳು. ಮಾವ ಓದಿ, ತಮ್ಮ ಸಹಿ ಹಾಕುವ ಜಾಗ ತೋರಿಸು ಎಂದರು. ಸಹಿ ಹಾಕಿದರು.

ಪೆನ್ನಿನ ಮುಚ್ಚಳ ಹಾಕುತ್ತ ಅವರ ಕೈ ತಡೆಯಿತು.

"ಈ ಮರುವಿಮೆಯವರು ನಮ್ಮಂಥ ಎಷ್ಟು ಕಂಪನಿಗಳ ಭಾರ ಹೊರ್ತಾರೆ?"

"ಗೊತ್ತಿಲ್ಲ ಮಾವ."

"ಅವರ ಸೂಜಿಗಳು ಎಲ್ಲೆಲ್ಲಿವೆ?"

ಅದು ಅವಳಿಗೆ ಹೊಳೆದಿರಲಿಲ್ಲ. ನಕ್ಷೆಯ ಅಂಚಿನಿಂದಾಚೆ, ಖಾಲಿ ಗೋಡೆಯ ಕಡೆ ಕಣ್ಣು ಹೋಯಿತು.

"ಕೇಳೋಣ," ಎಂದಳು.

"ಕೇಳಿ ಪತ್ರ ಬರಿ. ಸರಿಯಾಗಿ ಹೇಳದೆ ಹೋದ್ರೆ ನಾವಿಬ್ರೇ ಹೋಗಿ ನೋಡೋಣ. ಬರೀ ಗಿರಣಿವರೆಗೆ ಹೋಗೋಕೆ ಅಂತ ನಾನು ಈ ಕೋಲು ಕೊಂಡಿಲ್ಲ."