ಉಳಿದ ಒಂದು ಕಲ್ಲು

ಸ್ವಾಮಿ ಬಿದಿರಿನ ಗಳಕ್ಕೆ ಕಾಲೊತ್ತಿ ಚಟ್ಟದ ಹಗ್ಗವನ್ನು ಜಗ್ಗಿ ಬಿಗಿಯುತ್ತಿದ್ದ.

"ಇನ್ನೊಂದು ಸುತ್ತು ಹಾಕೋ," ಎಂದಳು ಜಗಲಿಯ ಮೇಲೆ ಕೂತಿದ್ದ ಮುದುಕಿ ರಂಗಮ್ಮ. "ನಿಮ್ಮಣ್ಣ ಸುಮ್ನೆ ಮಲಗೋ ಆಸಾಮಿ ಅಲ್ಲ. ಅರ್ಧ ದಾರೀಲಿ ಎದ್ದು ಓಡ್ಬುಟ್ಟಾನು."

ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕವರಿಗೆ ಮತ್ತೆ ಅಳು ಬಂತು.

ಅಂಗಳದಿಂದ ಇಪ್ಪತ್ತು ಮಾರು ಆಚೆ, ಹೊಂಗೆ ಮರದ ಕೆಳಗೆ, ಷಡಕ್ಷರಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ಅವನ ಕೈಗೆ ಕೊಟ್ಟ ಕಾಫಿ ಬಸ್ ಸ್ಟ್ಯಾಂಡಿನ ಹೋಟೆಲಿನದು. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಮಾದಿಹಳ್ಳಿಯ ಕಾಯಿ ಮಂಡಿ ಸಾಹುಕಾರ ಈ ಕೇರಿಗೆ ಬಂದರೆ ಕುರ್ಚಿ ಅಷ್ಟು ದೂರದಲ್ಲೇ ಬೀಳುತ್ತಿತ್ತು, ಕಾಫಿ ಹೋಟೆಲಿನಿಂದಲೇ ಬರುತ್ತಿತ್ತು. ಮೂವತ್ತು ವರ್ಷ ತನ್ನ ಮಂಡಿಯಲ್ಲಿ ಕಾಯಿ ಸುಲಿದ ಗಿಡ್ಡಪ್ಪ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಾನೆಂದು ಕೇಳಿ ಷಡಕ್ಷರಪ್ಪ ಲೂನಾ ಏರಿ ಬಂದಿದ್ದ. ಬಂದವನಿಗೆ ಕುರ್ಚಿಯಿಂದ ಏಳುವುದಕ್ಕೆ ಆಗಿರಲಿಲ್ಲ.

ಅರಸೀಕೆರೆಯಲ್ಲಿ ಮೇಷ್ಟ್ರಾಗಿದ್ದ ಗಿಡ್ಡಪ್ಪನ ಮಗ ಪುಟ್ಟರಾಜು ಆಗ ತಾನೇ ಬಸ್ಸಿಳಿದಿದ್ದ. ಸ್ವಾಮಿ ಅವನಿಗೆ ದಾರಿ ಹೇಳುತ್ತಿದ್ದ.

"ಕೆರೆ ಏರಿ ಮೇಲೆ ಹೋಗೋಣ ಕಣೋ. ಹತ್ತೇ ನಿಮಿಷ. ಮಧ್ಯದಲ್ಲಿ ಅರಳಿ ಮರದ ಹತ್ರ ಒಂದ್ಸಲ ಇಳಿಸಿ ಹೆಗಲು ಬದಲಾಯಿಸೋದು. ಹೆಂಗಸ್ರು ಅಲ್ಲೀಗಂಟ ಬಂದು ವಾಪಸ್ಸಾಗ್ಲಿ."

ಆ ಮಾತು ಷಡಕ್ಷರಪ್ಪನಿಗೆ ಕೇಳಿಸಿತು. ಏರಿಯ ಮೇಲೆ ಹೋದರೆ ಕೆರೆ ಕಲ್ಲು ಎನ್ನುವ ಹಳೇ ಮೈಲಿಗಲ್ಲು ಸಿಗುವುದಿಲ್ಲ. ಅದು ಸಿಗುವುದು ಹಳೇ ಗಾಡಿ ರಸ್ತೆಯಲ್ಲಿ, ಸುತ್ತು ಬಳಸಿ ಹೋದರೆ, ಸ್ಮಶಾನದ ಬಾಯಲ್ಲಿ. ಗಿಡ್ಡಪ್ಪ ಓಡಿ ಮುಟ್ಟಬೇಕಾಗಿದ್ದ ಕಲ್ಲುಗಳಲ್ಲಿ ಅದೊಂದು ಉಳಿದುಬಿಟ್ಟಿತ್ತು. ಇವತ್ತು ತಪ್ಪಿದರೆ ತಪ್ಪಿದ್ದೇ.

*

ಮೀನಾಕ್ಷಿ ಗಿಡ್ಡಪ್ಪನ ಮಗಳು. ಹತ್ತನೇ ಕ್ಲಾಸು ಪಾಸಾದ ವರ್ಷ ಮೈಮೇಲೆ ನೀಲಿ ಕಲೆಗಳೆದ್ದವು, ವಸಡಿನಲ್ಲಿ ರಕ್ತ ಬಂತು. ಹಾಸನದ ಆಸ್ಪತ್ರೆಯವರು ಬೆಂಗಳೂರಿಗೆ ಬರೆದುಕೊಟ್ಟರು. ರಕ್ತದ ಕ್ಯಾನ್ಸರ್ ಎಂದು ಅಲ್ಲಿ ಗೊತ್ತಾಯಿತು. ಒಂಬತ್ತು ತಿಂಗಳು ಇದ್ದು ಹುಡುಗಿ ಹೋಯಿತು.

ಆಮೇಲೆ ಎರಡು ವರ್ಷ ಗಿಡ್ಡಪ್ಪ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿದ, ಸಿಪ್ಪೆ ಸೀಳಿದ, ಮನೆಗೆ ಹೋದ. ಒಂದು ದಿನ ಮಂಡಿಗೆ ಒಂದು ಕಾಗದ ಹಿಡಿದು ಬಂದ.

"ಆಸ್ಪತ್ರೆಯೋರು ಕಳಿಸವ್ರೆ. ಏನ್ ಬರ್ದೈತೆ ಓದಿ ಸಾಹುಕಾರ್ರೇ."

ಬೆಂಗಳೂರಿನಲ್ಲಿ ಒಂದು ಓಟ. ಓಡುವವರು ಪರಿಚಯದವರಿಂದ ಹಣ ಕೂಡಿಸಿ ತರಬೇಕು. ಅದು ರಕ್ತದ ಕ್ಯಾನ್ಸರಿಗೆ ಔಷಧಿ ಹುಡುಕುವವರಿಗೆ ಹೋಗುತ್ತದೆ.

"ನಿಂಗ್ಯಾಕೋ ಓಟ? ಐವತ್ತು ದಾಟಿದ ಮುದಿಯ."

"ಕೊನೇಗೆ ಡಾಕ್ಟ್ರು ನಂಗೇನಂದ್ರು ಗೊತ್ತಾ? 'ಇರೋ ಔಷಧಿ ಎಲ್ಲಾ ಕೊಟ್ಟಾಯ್ತು ಗಿಡ್ಡಪ್ಪ, ಇನ್ನೂ ಹುಡುಕ್ತಾ ಇದೀವಿ' ಅಂದ್ರು. ಹುಡುಕೋರ್ಗೂ ಹೊಟ್ಟೆ ಬಟ್ಟೆ ಇರ್ತದಲ್ವಾ ಸಾಹುಕಾರ್ರೇ?"

ಷಡಕ್ಷರಪ್ಪ ಓದಿದ್ದು ನಾಲ್ಕನೇ ಕ್ಲಾಸು. ಕಾಗದದಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಎಂದಿತ್ತು. "ಇಪ್ಪತ್ತೊಂದು ಕಲ್ಲು ಓಡ್ಬೇಕಂತೆ ಕಣೋ," ಎಂದ.

ತಪ್ಪಾಗಿದ್ದು ಅಲ್ಲೇ. ಜಾವಗಲ್ ಕಡೆಗೆ ಹೋಗುವ ಹಳೇ ಗಾಡಿ ರಸ್ತೆಯ ಕಲ್ಲುಗಳು ಮಹಾರಾಜರ ಕಾಲದ ಮೈಲಿಗಲ್ಲುಗಳು. ಒಂದು ಮೈಲಿಯೆಂದರೆ ಒಂದೂವರೆ ಕಿಲೋಮೀಟರಿಗೂ ಜಾಸ್ತಿ. ಆದರೆ ಷಡಕ್ಷರಪ್ಪ ಹುಟ್ಟಿದಾಗಿನಿಂದ ದೂರವನ್ನು ಕಲ್ಲಿನಲ್ಲೇ ಎಣಿಸಿದವನು. ಕಲ್ಲಿನಲ್ಲೂ ಎರಡು ಜಾತಿ ಇರಬಹುದೆಂದು ಅವನಿಗೆ ಹೊಳೆಯಲಿಲ್ಲ.

ಊರವರ ಕೈಯಲ್ಲಿ ಕಾಸಿಗಿಂತ ಕಾಯಿ ಜಾಸ್ತಿ. ಓಟದ ದಿನ ಓಡಿದ ಒಂದೊಂದು ಕಲ್ಲಿಗೆ ಒಂದೊಂದು ತೆಂಗಿನಕಾಯಿ ಎಂದು ಮನೆಮನೆಯವರು ಮಾತು ಕೊಟ್ಟರು. ಕಾಯಿ ಮಾರಿ ಹಣ ಕಳಿಸುವುದು ಷಡಕ್ಷರಪ್ಪನ ಪಾಲು. ಕಲ್ಲು ಮುಟ್ಟಿದ್ದಕ್ಕೆ ಸಾಕ್ಷಿಯೂ ಅವನೇ.

ಹೊತ್ತು ಮೂಡುವ ಹೊತ್ತಿಗೆ ಗಿಡ್ಡಪ್ಪ ಚಡ್ಡಿ ಬಿಗಿದು ಬರಿಗಾಲಲ್ಲಿ ಹೊರಡುತ್ತಿದ್ದ. ಹಿಂದೆ ಲೂನಾದಲ್ಲಿ ನೀರಿನ ಕ್ಯಾನು ಕಟ್ಟಿಕೊಂಡು ಷಡಕ್ಷರಪ್ಪ. ಮೊದಮೊದಲು ಮೂರನೇ ಕಲ್ಲಿಗೆ ವಾಂತಿ. ಗದ್ದೆಯ ಬದುವಿನಿಂದ ಜನ ಕೂಗುತ್ತಿದ್ದರು. "ಏನ್ಲಾ ಗಿಡ್ಡ, ಎಷ್ಟು ಕಾಯಿ ಕದ್ದೆ? ಸಾಹುಕಾರ್ರು ಹಿಂಗೆ ಅಟ್ಟಿಸ್ಕೊಂಡ್ ಬತ್ತಾವ್ರೆ!"

ವರ್ಷ ಕಳೆಯುವಷ್ಟರಲ್ಲಿ ಮನೆ ಬಾಗಿಲಿನಿಂದ ಹತ್ತು ಕಲ್ಲು ಹೋಗಿ, ಹತ್ತು ಕಲ್ಲು ಬಂದು, ಮನೆಯನ್ನೂ ದಾಟಿ ಕೆರೆ ಕಲ್ಲಿಗೆ ಮುಟ್ಟಿಸಿ ನಿಲ್ಲುತ್ತಿದ್ದ. ನಿಂತವನು ಎತ್ತಿನ ಹಣೆ ತಟ್ಟುವ ಹಾಗೆ ಆ ಕಲ್ಲಿನ ತಲೆಯನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದ. ತಟ್ಟಿದ ಮೇಲೆಯೇ ನೀರು.

*

ಷಡಕ್ಷರಪ್ಪ ಕಾಫಿಯನ್ನು ಕುರ್ಚಿಯ ಕೆಳಗಿಟ್ಟು ಎದ್ದ. ಅಂಗಳದ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಅವನು ಒಳಗೆ ಬರುವುದನ್ನು ನೋಡಿ ಹೆಂಗಸರ ಅಳು ನಿಂತಿತು.

"ಸ್ವಾಮಿ, ಗಾಡಿ ರಸ್ತೇಲಿ ತಗೊಂಡ್ ಹೋಗೋಣ."

"ಯಾಕ್ ಸಾಹುಕಾರ್ರೇ? ಹೊರಟ ಹೆಣ ಬಳಸು ದಾರಿ ಹಿಡೀಬಾರ್ದು. ಬಿಸ್ಲು ನೋಡಿ. ಇರೋದೇ ನಾಲ್ಕು ಹೆಗಲು, ಮಿಕ್ಕೋರೆಲ್ಲ ಕೆಲ್ಸಕ್ಕೆ ಹೋಗವ್ರೆ."

"ಅವನಿಗೆ ಒಂದು ಕಲ್ಲು ಉಳ್ದೈತೆ."

"ಅಯ್ಯೋ, ಅದಾ?" ಸ್ವಾಮಿ ಹಗ್ಗ ಬಿಟ್ಟು ಬೆನ್ನು ನೆಟ್ಟಗೆ ಮಾಡಿದ. "ಕಾಯಿ ಕೊಟ್ಟೋರೇ ಮರೆತವ್ರೆ ಬುಡಿ."

"ಅವನು ಮರೆತಿರ್ಲಿಲ್ಲ."

ಪುಟ್ಟರಾಜು ಬಾಗಿಲ ಕಡೆ ನೋಡಿದ. ಹೊಸ್ತಿಲ ಬಳಿ, ಗಂಡನ ತಲೆಯ ಹತ್ತಿರ ಮುತ್ತಮ್ಮ ಕೂತಿದ್ದಳು. ಅವಳು ತಲೆ ಎತ್ತಲಿಲ್ಲ.

*

ಬೆಂಗಳೂರಿನ ಓಟ ಎರಡು ಸಾವಿರದ ಎರಡನೇ ಇಸವಿ ಡಿಸೆಂಬರಿನಲ್ಲಿ. ಮುಗಿಯುವ ಕಡೆ ಕಟ್ಟಿದ್ದ ಪಟ್ಟಿಯ ಹತ್ತಿರ ಷಡಕ್ಷರಪ್ಪ ಕಾದು ನಿಂತಿದ್ದ. ಗಿಡ್ಡಪ್ಪ ಬಂದ, ಪಟ್ಟಿ ದಾಟಿದ, ಓಡುತ್ತಲೇ ಹೋದ. ಟೋಪಿ ಹಾಕಿದ್ದ ಹುಡುಗಿಯೊಬ್ಬಳು ಹಿಂದೆ ಓಡಿದಳು. "ಅಂಕಲ್, ಮುಗೀತು! ನಿಲ್ಲಿ ಅಂಕಲ್!"

"ಬುಡವ್ವಾ, ಇನ್ನೂ ಎಂಟು ಕಲ್ಲು ಐತೆ!" ವರ್ಷವಿಡೀ ಓಡಿದ ಕಾಲಿಗೆ ಕಲ್ಲಿನ ಲೆಕ್ಕ ಗೊತ್ತಿತ್ತು.

ಕೊನೆಗೆ ಮುಂದಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಅಡ್ಡಗಟ್ಟಿದ. ಆ ಹುಡುಗಿ ಮೈಲಿ, ಕಿಲೋಮೀಟರು ಎರಡನ್ನೂ ಬಿಡಿಸಿ ಹೇಳಿದಳು. ಗಿಡ್ಡಪ್ಪ ಎಲ್ಲ ಕೇಳಿಸಿಕೊಂಡ. ವಾಪಸ್ ಬರುವ ಬಸ್ಸು ಕುಣಿಗಲ್ ದಾಟಿದ ಮೇಲೆ ಬೆರಳು ಮಡಚಿ ಎಣಿಸಿದ.

"ಹಂಗಾರೆ ನಾನು ಓಡಿದ್ದು ಹದಿಮೂರೇ ಕಲ್ಲು."

"ಅವರಿಗೆ ಬೇಕಾಗಿದ್ದೇ ಅಷ್ಟು ಕಣೋ. ತಪ್ಪು ಓದ್ದೋನು ನಾನು. ಊರಲ್ಲಿ ಎಷ್ಟು ಸಲ ಇಪ್ಪತ್ತೊಂದು ಓಡಿಲ್ಲ ನೀನು?"

"ಅದು ಅಭ್ಯಾಸ. ಊರೋರು ಕಾಯಿ ಕೊಡೋದು ಮಗಳ ಹೆಸರು ಕೇಳಿ, ನನ್ ಮಾತು ನಂಬಿ. ಉಳಿದ ಎಂಟು ನಮ್ ರಸ್ತೇಲಿ ಓಡ್ತೀನಿ. ನೀವು ಹಿಂದೆ ಇರಿ. ನೀವು ನೋಡ್ದೆ ಓಡಿದ್ರೆ ನಾನೇ ಹೇಳ್ಕೊಂಡಂಗಾಯ್ತದೆ."

ಸಂಕ್ರಾಂತಿ ಕಳೆದ ಭಾನುವಾರ ಓಡಿದ. ಏಳು ಕಲ್ಲು ಆಚೆಯಿಂದ ಹೊರಟು ಮನೆ ಕಡೆಗೆ ಬಂದ. ಏಳನೆಯದು ಮನೆ ಬಾಗಿಲಲ್ಲೇ ಮುಗಿಯುತ್ತಿತ್ತು. ಎಂಟನೆಯದು ಕೆರೆ ಕಲ್ಲು. ಬಾಗಿಲ ಮುಂದೆ ಬಂದವನು ಎದೆ ಹಿಡಿದುಕೊಂಡ. ಮುತ್ತಮ್ಮ ಕಸಬರಿಕೆ ಬಿಸಾಡಿ ಓಡಿಬಂದು ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದಳು.

"ಬುಡು ಕೈಯ. ಒಂದೇ ಒಂದು," ಎಂದ ಗಿಡ್ಡಪ್ಪ.

"ಓಡಿದ್ರೆ ಮಗಳು ಬತ್ತಾಳಾ?" ಎಂದು ಕಿರುಚಿದಳು ಮುತ್ತಮ್ಮ. ಹಿಡಿದ ಕೈ ಬಿಡಲಿಲ್ಲ.

ಹಾಸನದ ಡಾಕ್ಟರು ಓಟವಿರಲಿ, ಬಿರುಸಾಗಿ ನಡೆಯಲೂ ಬೇಡ ಎಂದರು. ಮಂಡಿಯಲ್ಲಿ ಕೂತು ಕಾಯಿ ಆರಿಸುವ ಕೆಲಸ ಮಾಡುತ್ತಾ ಗಿಡ್ಡಪ್ಪ ಆಗಾಗ ಕೇಳುತ್ತಿದ್ದ. "ಯಾವಾಗ ಸಾಹುಕಾರ್ರೇ?" ದೀಪಾವಳಿ ಆಗಲಿ ಎಂದ ಷಡಕ್ಷರಪ್ಪ. ಯುಗಾದಿ ಕಳೆಯಲಿ ಎಂದ. ಹೋದ ಸೋಮವಾರವೂ ಕೇಳಿದ್ದ, "ನಿಧಾನಕ್ಕೆ ನಡ್ಕೊಂಡಾದ್ರೂ ಹೋಗನಾ?"

"ಬಿಸ್ಲು ಇಳೀಲಿ ಕಣೋ," ಎಂದು ಷಡಕ್ಷರಪ್ಪ ಕಾಯಿ ಎಣಿಸುವುದಕ್ಕೆ ತಿರುಗಿದ್ದ.

*

"ಐದನೇ ಹೆಗಲು ನಂದು," ಎಂದ ಷಡಕ್ಷರಪ್ಪ.

ಅಂಗಳದವರೆಲ್ಲ ಅವನ ಕಡೆ ತಿರುಗಿದರು. ಆ ಕೇರಿಯ ಚಟ್ಟಕ್ಕೆ ಆಚೆ ಬೀದಿಯವರು ಹೆಗಲು ಕೊಟ್ಟಿದ್ದನ್ನು ರಂಗಮ್ಮ ಕೂಡ ಕಂಡವಳಲ್ಲ.

"ನಿಮ್ ಮನೇಲಿ ಏನಂದಾರು?" ಸ್ವಾಮಿ ತಗ್ಗಿದ ದನಿಯಲ್ಲಿ ಕೇಳಿದ.

"ಕಾಂತಮ್ಮ ಹಂಡೆಗೆ ಉರಿ ಹಾಕಿರ್ತಾಳೆ. ಸಾವಿಗೆ ಹೋಗಿ ಬಂದ್ರೆ ಸ್ನಾನ ಮಾಡೋದು ಇದ್ದಿದ್ದೇ. ಇದಕ್ಕೆ ಬೇರೆ ನೀರು ಬೇಕೇನೋ?"

ಆಗ ಮುತ್ತಮ್ಮ ಮಾತಾಡಿದಳು.

"ಅವತ್ತು ಕೈ ಹಿಡ್ದು ಕೂರಿಸ್ದೋಳು ನಾನು. ಹಿಡೀದಿದ್ರೆ ಅವತ್ತೇ ಹೋಗಿರೋರು, ಅದೂ ಗೊತ್ತು. ಆದ್ರೂ ವರ್ಷದಿಂದ ರಾತ್ರಿ ಮಗ್ಗುಲು ಬದಲಾಯಿಸ್ತಾ 'ಒಂದು' ಅನ್ನೋರು. ನಾನು ನಿದ್ದೆ ಬಂದಂಗಿರ್ತಿದ್ದೆ." ಕಣ್ಣೊರೆಸಿಕೊಂಡಳು. "ಪುಟ್ಟರಾಜು, ಗಾಡಿ ರಸ್ತೇಲೇ ನಡೀರಪ್ಪ. ಇಳಿಸೋದೂ ಅಲ್ಲೇ ಇಳ್ಸಿ. ಅಲ್ಲೀಗಂಟ ನಾನೂ ಬತ್ತೀನಿ."

ಚಟ್ಟ ಮೇಲೆದ್ದಿತು. ಮುಂದಿನ ಎಡಗಡೆ ಷಡಕ್ಷರಪ್ಪ, ಬಲಗಡೆ ಪುಟ್ಟರಾಜು. ಸ್ವಾಮಿ ಹಿಂದಿನವರ ಜೊತೆ ಹೆಗಲು ಬದಲಾಯಿಸಿಕೊಳ್ಳುತ್ತಾ ಬಂದ. ಗಿಡ್ಡಪ್ಪ ಹಗುರವಾಗಿದ್ದ. ಆದರೂ ಅರ್ಧ ದಾರಿಗೆ ಷಡಕ್ಷರಪ್ಪನ ಉಸಿರು ಸಿಳ್ಳೆ ಹಾಕತೊಡಗಿತು. ಈ ದಾರಿಯಲ್ಲಿ ಅವನು ಕಾಲು ಸವೆಸಿದವನೇ ಅಲ್ಲ, ಯಾವಾಗಲೂ ಲೂನಾದಲ್ಲೇ ಬಂದವನು. ಬರಿಗಾಲಿಗೆ ಮಣ್ಣು ಸುಡುತ್ತಿತ್ತು.

"ಬದಲಾಯಿಸ್ಲಾ ಮಾವ?" ಎಂದ ಪುಟ್ಟರಾಜು. ಅಷ್ಟು ವರ್ಷವೂ ಅವನು ಸಾಹುಕಾರ್ರೇ ಎನ್ನುತ್ತಿದ್ದ.

"ಬೇಡ. ಹಿಂಗೇ ಹೋಗ್ಲಿ."

ಹಿಂದಿನಿಂದ ರಂಗಮ್ಮನ ದನಿ ಬಂತು. "ಬಿರ್ರನೆ ನಡೀರಿ ಸಾಹುಕಾರ್ರೇ! ಅವ್ನಾಗಿದ್ರೆ ಇಷ್ಟೊತ್ಗೆ ಹೋಗಿ ಬಂದಿರೋನು!"

ಕೆರೆ ಕಲ್ಲು ಕಂಡಿತು. ಅಂಚು ಸವೆದಿದ್ದ ಗಿಡ್ಡ ಕಲ್ಲು. ಅಂಕಿ ಅಳಿಸಿಹೋಗಿ ತಲೆಯ ಮೇಲೆ ಬೇಸಿಗೆಯ ಕೆಂಧೂಳು ದಪ್ಪಗೆ ಕೂತಿತ್ತು.

"ಇಲ್ಲೇ," ಎಂದ ಷಡಕ್ಷರಪ್ಪ. ಚಟ್ಟವನ್ನು ಕಲ್ಲಿಗೆ ಒತ್ತಿ ಇಳಿಸಿದರು. ಅವನು ಸೊಂಟ ಹಿಡಿದು ಬಗ್ಗಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಮುಂದೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಮುತ್ತಮ್ಮ ಜನರನ್ನು ಸರಿಸಿಕೊಂಡು ಬಂದಳು. ಹಗ್ಗದ ಸಂದಿಯಲ್ಲಿ ಕೈ ತೂರಿಸಿ ಬಿಳಿ ಬಟ್ಟೆಯೊಳಗಿಂದ ಗಂಡನ ಬಲಗೈಯನ್ನು ಹೊರಗೆ ತೆಗೆದಳು. ತೆಂಗಿನ ಸಿಪ್ಪೆಯ ಕಲೆ ಹಿಡಿದು ಕಪ್ಪಾದ ಬೆರಳುಗಳು. ಸೆಟೆದಿದ್ದ ಆ ಕೈ ಸುಲಭಕ್ಕೆ ಬರಲಿಲ್ಲ. ಪುಟ್ಟರಾಜು ಆ ಬದಿಯನ್ನು ಸ್ವಲ್ಪ ಎತ್ತಿ ಹಿಡಿದ. ಅವಳು ಅಂಗೈಯನ್ನು ಕಲ್ಲಿನ ತಲೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು, ಒಮ್ಮೆ ತಟ್ಟಿದಳು. ಆಮೇಲೆ ಆ ಕೈಯನ್ನು ಬಟ್ಟೆಯೊಳಗೆ ಸೇರಿಸಿ, ಹಿಂದೆ ಸರಿದು, ಹೆಂಗಸರ ಜೊತೆ ನಿಂತಳು.

ಷಡಕ್ಷರಪ್ಪನ ಜಾಗಕ್ಕೆ ಸ್ವಾಮಿ ಹೆಗಲು ಕೊಟ್ಟ. ಚಟ್ಟ ಎದ್ದು ಸ್ಮಶಾನದ ಕಡೆಗೆ ತಿರುಗಿತು. ಮಂಡಕ್ಕಿ ಎರಚುವ ಹುಡುಗ ಕಲ್ಲಿನ ಹತ್ತಿರ ಬರುತ್ತಿದ್ದ ಹಾಗೆ ಷಡಕ್ಷರಪ್ಪ ಎರಡೂ ಕೈ ಅಡ್ಡ ಹಿಡಿದು, "ಆ ಕಡೆಯಿಂದ ಹೋಗಪ್ಪ, ಆ ಕಡೆಯಿಂದ," ಎಂದ.

ಕಲ್ಲಿನ ಮೇಲಿನ ಧೂಳಿನಲ್ಲಿ ಐದು ಬೆರಳು ಮೂಡಿದ್ದವು.