ಕೂಡಿ ಇರ್ತಾರೇನ್ರಿ?

ನನ್ನ ಸೊಸೆಯ ಹೆಸರು ಥು. ಅವಳ ವಿಯೆಟ್ನಾಮಿನಲ್ಲಿ ಹಾಗೆಂದರೆ ಶರತ್ಕಾಲವಂತೆ. ಇರಬಹುದು. ಆದರೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಅತ್ತೆಯಾದವಳು ಬಾಗಿಲಲ್ಲಿ ನಿಂತು ಸೊಸೆಯನ್ನು "ಥೂ" ಎಂದು ಕೂಗಿದರೆ ಅದು ಶರತ್ಕಾಲ ಎಂದು ಓಣಿಯವರಿಗೆ ಯಾರು ತಿಳಿಸಿ ಹೇಳಬೇಕು? ಮದುವೆಯ ದಿನವೇ ತಟ್ಟೆಯ ಅಕ್ಕಿಯಲ್ಲಿ ಮಗನ ಕೈಯಿಂದ ಶರ್ವರಿ ಎಂದು ಬರೆಸಿದೆ.

ಕೂಗುವ ಹೆಸರು ಬದಲಾಯಿತು, ಮನಸ್ಸಿನಲ್ಲಿ ಅವಳು ನನಗೆ ಥುವೇ, ನನ್ನ ಸಂಶಯವೂ ಹಾಗೇ ಉಳಿಯಿತು. ನನ್ನ ಮಗ ಶ್ರೇಯಸನದು ಖಾನಾಪುರದಲ್ಲಿ ಗೋಡಂಬಿ ಒಡೆಯುವ ಸಣ್ಣ ಕಾರ್ಖಾನೆ. ಯಂತ್ರ ಕೊಳ್ಳಲು ಆ ದೇಶಕ್ಕೆ ಹೋಗಿದ್ದ. ಮೊದಲು ಯಂತ್ರ ಬಂತು, ಆಮೇಲೆ ಅದನ್ನು ಕೂರಿಸಿಕೊಡಲು ಇವಳು ಬಂದಳು. ಯಂತ್ರ ಕೂತಿತು, ಇವಳೂ ಕೂತಳು. ಅಷ್ಟು ದೂರದ ಹುಡುಗಿಗೆ ನನ್ನ ಮಗನಲ್ಲಿ ಅಂಥದೇನು ಕಂಡಿತು? ಅವನು ನನ್ನ ಮಗ, ಅವನ ಮುಖ ನನಗೆ ಗೊತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ.

ಬಾಜೂ ಮನೆಯ ಪ್ರಮಿಳಾ ಉರಿಯುವ ಒಲೆಗೆ ಕಟ್ಟಿಗೆ ಇಟ್ಟಳು.

"ಚಂಪಾಬಾಯಾರ, ಮದುವಿ ನೋಂದಣಿ ಆಗಿ ಎರಡ್ ವರ್ಷ ಕಳದ್ರ ಹೊರದೇಶದ ಹೆಂಡ್ತಿಗೆ ಜೀವನಪೂರ್ತಿ ಇಲ್ಲೇ ಇರೂ ಕಾರ್ಡ್ ಸಿಗತೈತಂತ. ಅದ ಕೈಗೆ ಬಂದ್ ಮ್ಯಾಲ ನೋಡ್ರಿ, ಹಕ್ಕಿ ಭುರ್ರ್!"

ಎರಡು ವರ್ಷ ಆಗಿತ್ತು. ಅರ್ಜಿಯನ್ನೂ ಹಾಕಿದ್ದರು.

ಅದು ಭಾದ್ರಪದ, ದಶಲಕ್ಷಣ ಪರ್ವ ನಡೆದಿತ್ತು. ನಮ್ಮ ಜೈನರ ಮನೆಗಳಲ್ಲಿ ಆ ಹತ್ತು ದಿನ ಒಪ್ಪೊತ್ತು, ಉಪವಾಸ. ನೇಮದವರ ಮನೆಯಲ್ಲಿ ಗಂಡ ಹೆಂಡತಿ ಬ್ರಹ್ಮಚರ್ಯ ಹಿಡಿದು ಬೇರೆ ಬೇರೆ ಮಲಗುತ್ತಾರೆ. ಇದನ್ನು ಹೇಳಿದಾಗ ಥು ಒಂದು ಮಾತೂ ಎದುರಾಡದೆ ಚಾಪೆ ಸುತ್ತಿಕೊಂಡು ನನ್ನ ಕೋಣೆಗೆ ಬಂದಳು. ಅದಕ್ಕೂ ನನಗೆ ಸಂಶಯ ಬಂತು. ಗಂಡನನ್ನು ಇಷ್ಟು ಸುಲಭವಾಗಿ ಬಿಟ್ಟು ಮಲಗುವವಳು ಎಂಥ ಹೆಂಡತಿ?

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಮಗ ಸೊಸೆ ಖಾನಾಪುರದಲ್ಲಿದ್ದಾಗ, ಬಸಲಿಂಗಪ್ಪ ಎಂಬ ಪೊಲೀಸಿನವರು ಆ ಅರ್ಜಿಯ ವಿಚಾರಣೆಗೆ ಬಂದರು. ಸಾದಾ ಉಡುಪು, ಕಂಕುಳಲ್ಲಿ ಕಡತ. ಕಾಸಿ ಆರಿಸಿದ ನೀರು ಕೊಟ್ಟೆ. ಅವರು ಕುಡಿದು, ಮಗನ ಹೆಸರು, ಸೊಸೆಯ ಹೆಸರು ಓದಿ ಕೇಳಿದರು:

"ಇಬ್ಬರೂ ಕೂಡಿ ಇರ್ತಾರೇನ್ರಿ?"

ನನಗೆ ಮೈಯೆಲ್ಲಾ ಉರಿದುಹೋಯಿತು. ಪರ್ವದ ದಿನ, ತಾಯಿಯಂಥ ಹೆಂಗಸಿನ ಮುಂದೆ ಕೇಳುವ ಮಾತೇ ಇದು?

"ಛೇ ಛೇ! ಕೂಡಿ ಹ್ಯಾಂಗ ಇರ್ತಾರ್ರಿ? ನಮ್ಮ ಮನ್ಯಾಗ ಅದೆಲ್ಲಾ ನಡಿಯಂಗಿಲ್ಲ."

"ಅಂದ್ರ?"

"ಆಕಿ ನನ್ನ ಖೋಲ್ಯಾಗ ಮಲಗ್ತಾಳ, ಅಂವ ಪಡಸಾಲ್ಯಾಗ. ಒಬ್ಬರನ್ನೊಬ್ಬರು ಮುಟ್ಟಂಗಿಲ್ರೀ."

"ಮುಟ್ಟೂದ ಇಲ್ಲ?"

"ಬೇಕಾದ್ರ ಒಳಗ ಬಂದ್ ನೋಡ್ರಿ."

ಚಾಪೆ ತೋರಿಸಿದೆ, ಪಡಸಾಲೆಯ ಹಾಸಿಗೆ ತೋರಿಸಿದೆ. ಅವರು ಎಲ್ಲ ಬರೆದುಕೊಂಡು, "ಇಷ್ಟ ಖರೇ ಯಾರೂ ಹೇಳಂಗಿಲ್ಲ ಬಾಯಾರ" ಎಂದು ಕೈ ಮುಗಿದು ಹೋದರು. ನಮ್ಮ ನೇಮ ಕಂಡು ದೊಡ್ಡ ಗೌರವ ಬಂದಿರಬೇಕು ಎಂದುಕೊಂಡು ಸಂಜೆ ಬಸದಿಯಲ್ಲಿ ನಾಲ್ಕು ಜನರಿಗೆ ಹೇಳಿಯೂ ಹೇಳಿದೆ.

ಪರ್ವ ಮುಗಿದು ಕೆಲವು ದಿನಗಳಾಗಿದ್ದವು. ಶ್ರೇಯಸ ಪೊಲೀಸ್ ಕಚೇರಿಯಿಂದ ಬಂದವನು ಚಪ್ಪಲಿ ಬಿಡುವುದನ್ನೂ ಮರೆತಿದ್ದ.

"ಅವ್ವಾ, ಅವರ ಮುಂದ ಏನ್ ಹೇಳೀದಿ ನೀ? ಗಂಡ ಹೆಂಡ್ತಿ ಕೂಡಿ ವಾಸ ಇಲ್ಲ, ಸಂಬಂಧನೂ ಇಲ್ಲ, ಸ್ವತಾ ತಾಯಿ ಹೇಳ್ಯಾಳಂತ ಬರದಾರ. ಬರೇ ಕಾರ್ಡಿನ ಸಲುವಾಗಿ ಮಾಡಿಕೊಂಡ ಸುಳ್ಳ ಮದುವಿ ಅಂತ ಅವರಿಗೆ ಸಂಶಯ ಬಂದೈತಿ. ಸೋಮವಾರ ದೊಡ್ಡ ಮೇಡಂ ಮೂವರನ್ನೂ ಕರದಾರ. ಅಲ್ಲಿ ಕೆಟ್ಟರ ಕಾರ್ಡೂ ಇಲ್ಲ, ವೀಸಾನೂ ಮುಂದುವರಿಯಂಗಿಲ್ಲ. ಆಕಿ ಹೋಗಬೇಕಾಗ್ತೈತಿ."



"ಪರ್ವದ ಮಾತ್ ಹೇಳೀನೋ ನಾನು!"

"ಪರ್ವ ಅಂತ ಅಂದಿಯೇನ?"

ಅಂದಿರಲಿಲ್ಲ. ಬೆಳಗಾವಿಯಲ್ಲಿ ನೌಕರಿ ಮಾಡುವವರಿಗೆ ದಶಲಕ್ಷಣ ಗೊತ್ತಿರುವುದಿಲ್ಲ ಎಂದು ನನಗೇನು ಕನಸು ಬಿದ್ದಿತ್ತೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ನಿನಗ ಬೇಕಾಗಿದ್ದೂ ಇದ," ಎಂದ ಮಗ. "ಬಂದಾಗಿಂದ ಆಕೀನ ಕಳ್ಳರನ್ನ ನೋಡಿದಂಗ ನೋಡ್ತಿದ್ದಿ. ಈಗ ಹೊರಗ ಹಾಕಾಕ ಹಾದಿ ಸಿಕ್ತು."

ಹೆತ್ತ ಮಗ ಹಾಗಂದ. ತಿಳಿಯದೆ ಆಡಿದ ಮಾತು ಎಂದು ಆಣೆ ಮಾಡಿದರೂ ನಂಬಲಿಲ್ಲ. ಥು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳೂ ನಂಬಿರಲಿಲ್ಲ.

ಸೋಮವಾರ ಹೋಗಿ ತಪ್ಪು ತಿದ್ದಬೇಕು, ಅದು ಖರೆ. ಆದರೆ ನನ್ನ ತಪ್ಪು ಮಾತಿನದು. ಸಂಶಯವೇ ನಿಜವಾಗಿದ್ದರೆ? ನಾನು ಸಹಿ ಹಾಕಿ, ಕಾರ್ಡು ಬಂದು, ಇವಳು ಹಾರಿಹೋದರೆ ಮಗನ ಬಾಳು ನನ್ನ ಕೈಯಿಂದಲೇ ಕೆಟ್ಟ ಹಾಗಾಯಿತು. ಅವಳ ಶನಿವಾರಗಳ ಲೆಕ್ಕವೂ ನನಗೆ ಬಗೆಹರಿದಿರಲಿಲ್ಲ. ಕಾರ್ಖಾನೆಗೆ ರಜೆ ಇರುವ ಶನಿವಾರ ಇವಳು ಒಬ್ಬಳೇ ರೈಲು ಹತ್ತುತ್ತಿದ್ದಳು. ಕೇಳಿದರೆ "ಗುಂಜಿಗೆ, ಕೆಲಸ ಐತಿ" ಎನ್ನುತ್ತಿದ್ದಳು. ಗುಂಜಿಯಲ್ಲಿ ಏನಿದೆ, ಕಾಡು ಬಿಟ್ಟರೆ? ಮರಳಿ ಬಂದಾಗ ಬಾಯಿ ತುಂಬ ಲವಂಗದ ವಾಸನೆ. ಲವಂಗ ಜಗಿದು ಬರುವವರು ಏನನ್ನೋ ಮುಚ್ಚುತ್ತಿರುತ್ತಾರೆ.

ಆ ಶನಿವಾರ ಬಸದಿಗೆ ಹೋಗುತ್ತೇನೆಂದು ಹೇಳಿ ನಾನೂ ಹಿಂದಿನ ಡಬ್ಬಿ ಹತ್ತಿದೆ. ತಲೆ ತುಂಬ ಸೆರಗು. ದೇಸೂರು ದಾಟಿತು, ಖಾನಾಪುರ ದಾಟಿತು, ಗುಂಜಿಯಲ್ಲಿ ಅವಳು ಇಳಿದಳು, ನಾನೂ ಇಳಿದೆ. ಒಬ್ಬ ಗಂಡಸು ಬರುತ್ತಾನೆ ಎಂದು ಕಾದೆ. ಈ ವಯಸ್ಸಿನಲ್ಲಿ ಬೇಲಿಯ ಮರೆಯಲ್ಲಿ ಬಗ್ಗಿ ನಡೆಯುವಾಗ ನನ್ನ ಮೊಣಕಾಲು ನನ್ನನ್ನೇ ಬೈಯುತ್ತಿತ್ತು.

ಅವಳು ಹೋದದ್ದು ಸಿದ್ದಕ್ಕನ ಮನೆಗೆ. ನಮ್ಮ ಕಾರ್ಖಾನೆಯಲ್ಲಿ ಗೋಡಂಬಿ ಸಿಪ್ಪೆ ತೆಗೆಯುವವಳು, ನನಗೂ ಗೊತ್ತಿದ್ದವಳು. ಕಾಣುವ ಮೊದಲೇ ಮೂಗಿಗೆ ತಿಳಿಯಿತು. ಮೀನು! ಹಿತ್ತಲಲ್ಲಿ ಕೂತು, ಸಿದ್ದಕ್ಕನ ಹಳೆಯ ಸೀರೆ ಸುತ್ತಿಕೊಂಡು, ನನ್ನ ಸೊಸೆ ಹೊಳೆಮೀನಿನ ಸಾರು ಅನ್ನ ಕಲಸಿ ಉಣ್ಣುತ್ತಿದ್ದಳು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಕೊನೆಗೂ ಸಿಕ್ಕಳು ಎಂದು, ಸುಳ್ಳೇಕೆ ಹೇಳಲಿ, ಖುಷಿಯೂ ಆಯಿತು.

ಊಟ ಮುಗಿಯಿತು. ಅವಳು ಬೂದಿ ಹಚ್ಚಿ ಹಲ್ಲು ಉಜ್ಜಿದಳು. ಸಾಬೂನಿನಿಂದ ಮೊಣಕೈವರೆಗೆ ತೊಳೆದಳು. ಒಳಗೆ ಹೋಗಿ ತನ್ನ ಬಟ್ಟೆ ಉಟ್ಟು ಬಂದು ಸಿದ್ದಕ್ಕನ ಮೂಗಿನ ಮುಂದೆ ಎರಡೂ ಅಂಗೈ ಹಿಡಿದಳು.

"ಮೂಸಿ ನೋಡ ಸಿದ್ದಕ್ಕಾ, ಬರ್ತೈತೇನು? ಅತ್ತಿಯವರಿಗೆ ವಾಸನಿ ಬಡದ್ರ ಊಟಾನ ಬಿಟ್ಟಬಿಡ್ತಾರ."

"ಸ್ವಲ್ಪ ಬರ್ತೈತಿ. ಇನ್ನೊಮ್ಮಿ ತೊಳಿ."

ಮತ್ತೆ ತೊಳೆದಳು. ಆಮೇಲೆ ಬಾಯಿಗೆ ಲವಂಗ ಹಾಕಿಕೊಂಡಳು. ಹಿಡಿಯಲು ಬಂದ ನಾನು ಬೇಲಿಯ ಹಿಂದೆ ಇನ್ನಷ್ಟು ಬಗ್ಗಿದೆ, ಅವಳು ಹೋಗುವ ತನಕ ಏಳಲಿಲ್ಲ. ಮನೆಗೆ ಅವಳಿಗಿಂತ ತಡವಾಗಿ ಮುಟ್ಟಿದೆ, ಬಸದಿಯಲ್ಲಿ ಪ್ರವಚನವಿತ್ತು ಎಂದು ಹೇಳಿದೆ.

ಸೋಮವಾರ ದೊಡ್ಡ ಮೇಡಂ ಎದುರು ಮೂವರೂ ಕೂತೆವು. ಬಸಲಿಂಗಪ್ಪನವರು ಮೂಲೆಯಲ್ಲಿ ನಿಂತಿದ್ದರು. ನಾನು ಪರ್ವದ ನೇಮ, 'ಕೂಡಿ' ಎಂಬ ಮಾತನ್ನು ಬೇರೆಯಾಗಿ ತಿಳಿದ ನನ್ನ ಕಿವಿಯ ತಪ್ಪು, ಎಲ್ಲ ಹೇಳಿದೆ. ಮೇಡಂ ಮುಖ ಸಡಿಲಾಗಲಿಲ್ಲ.

"ಅವತ್ತ ಒಂದ್ ಹೇಳಿದ್ರಿ, ಇವತ್ತ ಒಂದ್ ಹೇಳ್ತೀರಿ. ಮಗ ಹೇಳಿಕೊಟ್ಟಾನೇನ್ರಿ?"

"ಇಲ್ರೀ."

"ಅದು ಹತ್ ದಿನದ ಮಾತಾತು. ಈ ಮದುವಿ ಖರೇ ಅಂತ ನಿಮಗ ಹ್ಯಾಂಗ ಗೊತ್ತು?"

ಒಟ್ಟಿಗೆ ಉಣ್ಣುತ್ತಾರೆ, ಜಗಳವಾಡುತ್ತಾರೆ ಎನ್ನಬಹುದಿತ್ತು. ಅದನ್ನು ಯಾವ ತಾಯಿಯಾದರೂ ಹೇಳುತ್ತಾಳೆ, ಯಾವ ಪೊಲೀಸೂ ನಂಬುವುದಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

"ಮೇಡಂ, ನಿಮ್ಮವರು ಒಂದ್ ಸಲ ಬಂದ್ ಹೋದ್ರು. ನಾ ಎರಡ್ ವರ್ಷ ಈಕಿ ಮ್ಯಾಲ ಕಣ್ಣಿಟ್ಟೀನಿ. ಬ್ಯಾಗ್ ತಗದ್ ನೋಡೀನಿ. ಫೋನಿನ್ಯಾಗ ಮಾತಾಡುಮುಂದ ಬಾಗಲ ಹಿಂದ ನಿಂತೀನಿ. ಭಾಷಾ ತಿಳಿಯಂಗಿಲ್ಲ, ಆದ್ರೂ ನಿಂತೀನಿ. ಮೊನ್ನಿ ಗುಂಜಿತನಕ ಹಿಂದ ಹೋಗಿದ್ನಿ."

ಶ್ರೇಯಸ ನನ್ನ ಕಡೆ ಹೊರಳಿದ. ಥು ಹೊರಳಲಿಲ್ಲ.

"ಏನ್ ಸಿಕ್ತು?" ಎಂದರು ಮೇಡಂ.

ನಮ್ಮ ಮನೆತನದಲ್ಲಿ ಹೆಂಗಸರು ಆ ಹೆಸರನ್ನೂ ನಾಲಿಗೆ ಮೇಲೆ ತರುವುದಿಲ್ಲ.

"ಮೀನ ಸಿಕ್ತ್ರಿ. ಯಾರದೋ ಹಿತ್ತಲದಾಗ ಕುಂತ ತಿಂತಾಳ. ತಿಂದು, ಬೂದಿ ಹಚ್ಚಿ ಬಾಯಿ ತೊಳದು, ಕೈ ಮೂಸಿಸಿಕೊಂಡು ಮತ್ತ ತೊಳೀತಾಳ. ಯಾಕಂದ್ರ ನನಗ ವಾಸನಿ ಬರಬಾರದು, ನಾ ಊಟಾ ಬಿಡಬಾರದು. ಕಾರ್ಡ್ ತಗೊಂಡ ಓಡಿಹೋಗೂಕಿಗೆ ನನ್ನ ಊಟದ ಚಿಂತಿ ಯಾಕ್ರಿ? ಇಲ್ಲೇ ಬಾಳ್ವಿ ಮಾಡೂಕಿ ಮಾತ್ರ ಹಂಗ ಕೈ ತೊಳಕೋತಾಳ."

ಮೇಡಂ ಥು ಕಡೆ ನೋಡಿ, "ಹೌದೇನವಾ?" ಎಂದರು.

"ಹೌದ್ರಿ," ಎಂದಳು ಥು, ತಲೆ ತಗ್ಗಿಸಿ. "ಅತ್ತಿಯವರಿಗೆ ಗೊತ್ತಿಲ್ಲಂತ ತಿಳಕೊಂಡಿದ್ನಿ."

ಮೇಡಂ ಹೊಸದಾಗಿ ಹೇಳಿಕೆ ಬರೆಸಿ ನನಗೆ ಓದಿ ಹೇಳಿದರು. ಸಹಿ ಹಾಕಿದೆ. ವರದಿ ತಿದ್ದಿ ಕಳಿಸುತ್ತೇನೆ, ಚಿಂತೆ ಮಾಡಬೇಡಿ ಎಂದರು.

ಶ್ರೇಯಸ ಕಾರು ತರಲು ಹೋದ. ನಾನೂ ಥುವೂ ಕಚೇರಿಯ ಮೆಟ್ಟಿಲ ಮೇಲೆ ನಿಂತೆವು. ಅವಳನ್ನು ಈ ದೇಶದಲ್ಲಿ ಉಳಿಸಿದವಳು ನಾನು, ಒಂದು ಒಳ್ಳೆಯ ಮಾತಾದರೂ ಬಂದೀತು ಎಂದು ಕಾಯುತ್ತಿದ್ದೆ.

"ಅತ್ತಿ," ಎಂದಳು ಅವಳು ರಸ್ತೆ ನೋಡುತ್ತ, "ಪೊಲೀಸರು ಒಂದ್ ಸಲ ಬಂದ್ರು. ನೀವು ದಿನಾ ಬಂದ್ರಿ."

 

"ಇನ್ನ ಮ್ಯಾಲ ಹಂಗ ನೋಡಂಗಿಲ್ಲವ್ವಾ," ಎಂದೆ.

ಅವಳು ತಿರುಗಿ ನನ್ನ ಮುಖವನ್ನು ನೋಡಿದಳು. ಅವಸರವಿಲ್ಲದೆ, ಕಣ್ಣು, ತುಟಿ, ಮತ್ತೆ ಕಣ್ಣು.

"ಖರೇ?"

"ಖರೇನ."

ಅವಳು ಬಂದು ನಿಂತ ಕಾರಿನ ಕಡೆ ನಡೆದಳು. ನಂಬಲಿಲ್ಲ ಎಂದು ಗೊತ್ತಾಯಿತು. ಅವಳ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ.