ಮರಳು ದಾರಿಯ ಮುಕ್ಕಾಲು ಗಂಟೆ

ಅಜ್ಜಿಯ ಕತೆಗಳಲ್ಲಿ ಸಮುದ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ರಾಜ ಬಂದು ಕೂಗಿದರೂ ಅಷ್ಟೆ, ರಾಕ್ಷಸ ಬಂದು ಕಾಲು ಅಪ್ಪಳಿಸಿದರೂ ಅಷ್ಟೆ. ನಾವು ಕಾರು ಕಳಿಸುತ್ತಿದ್ದ ರೆಸಾರ್ಟಿನ ಮ್ಯಾನೇಜರಿಗೆ ಮಾತ್ರ ಅದು ತನ್ನ ಕೈಕೆಳಗಿನ ನೌಕರನ ಹಾಗೆ ಕಂಡಿತ್ತು.

ನಾನು ಕೆಲಸ ಮಾಡುತ್ತಿದ್ದದ್ದು ವಿಮಾನ ನಿಲ್ದಾಣದ ಎದುರು ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲಿ. ಎರಡು ಫೋನು, ಒಂದು ಕಂಪ್ಯೂಟರು, ಒಂದು ಕಾಲು ಗಿಡ್ಡವಾದ ಕುರ್ಚಿ. ಯಾರಾದರೂ ಮೆಟ್ಟಿಲು ಹತ್ತಿದರೆ ತಲೆಯ ಮೇಲೇ ನಡೆದಂತೆ ಸದ್ದು. ವಿಮಾನದಿಂದ ಇಳಿದವರನ್ನು ಖಾಸಗಿ ಕಾರಿನಲ್ಲಿ ಕಡಲ ತೀರದ ರೆಸಾರ್ಟಿಗೆ ಮುಟ್ಟಿಸುವುದು ನಮ್ಮ ಕಸುಬು. ಯಾವ ವಿಮಾನ, ಎಷ್ಟು ಜನ, ಎಷ್ಟು ಪೆಟ್ಟಿಗೆ, ಮಗುವಿನ ಸೀಟು ಬೇಕೋ ಬೇಡವೋ, ಯಾವ ಡ್ರೈವರು, ಯಾವ ದಾರಿ ಎಲ್ಲವನ್ನೂ ಟ್ರಿಪ್ ಶೀಟಿನಲ್ಲಿ ಬರೆಯುವವಳು ನಾನು. ಹೊರಬಾಗಿಲಲ್ಲಿ ಡ್ರೈವರು ಎತ್ತಿ ಹಿಡಿಯುವ ಹೆಸರಿನ ಫಲಕ ಬರೆಯುವವಳೂ ನಾನೇ.

ದಾರಿಗಳು ಎರಡು. ಗುಡ್ಡ ಸುತ್ತಿಕೊಂಡು ಹೋಗುವ ಟಾರು ರಸ್ತೆಗೆ ಒಂದು ಗಂಟೆ ಹತ್ತು ನಿಮಿಷ. ಕವಲಿನಲ್ಲಿ ಎಡಕ್ಕೆ ತಿರುಗಿ, ಹೊಳೆ ಸಮುದ್ರ ಸೇರುವಲ್ಲಿನ ಗಟ್ಟಿ ಮರಳಿನ ಮೇಲೆ ಹಾದರೆ ಮೂವತ್ತೈದೇ ನಿಮಿಷ. ಆದರೆ ನೀರು ಏರಿದಾಗ ಆ ಮರಳು ದಾರಿ ಇರುವುದಿಲ್ಲ. ದಾರಿ ಇತ್ತು ಎಂಬ ಗುರುತೂ ಇರುವುದಿಲ್ಲ.

ನೀರು ಏರುವ ಹೊತ್ತಿನ ಪಟ್ಟಿ ತಿಂಗಳಿಗೊಮ್ಮೆ ಬಂದರು ಕಚೇರಿಯಿಂದ ಬರುತ್ತಿತ್ತು. ಅದರಲ್ಲಿ ಅಚ್ಚಾಗಿರುವುದು ಬಂದರಿನ ಹೊತ್ತು. ನಮ್ಮ ಮರಳು ತಗ್ಗಿನಲ್ಲಿದೆ. ಅಲ್ಲಿಗೆ ನೀರು ಮುಕ್ಕಾಲು ಗಂಟೆ ಮೊದಲೇ ಬರುತ್ತದೆ, ಅದೂ ಮುಂದಿನಿಂದಲ್ಲ, ಹೊಳೆಯ ಕಡೆಯಿಂದ, ಬೆನ್ನ ಹಿಂದೆ, ಕಳ್ಳಹೆಜ್ಜೆ ಇಟ್ಟುಕೊಂಡು. ಹಾಗಾಗಿ ಪ್ರತಿ ತಿಂಗಳ ಮೊದಲ ದಿನ ನಾನು ಕುರ್ಚಿ ಹತ್ತಿ, ಗೋಡೆಯ ಪಟ್ಟಿಯಲ್ಲಿ ಪ್ರತಿ ದಿನದ ಪಕ್ಕಕ್ಕೆ ಮುಕ್ಕಾಲು ಗಂಟೆ ಕಳೆದು ಪೆನ್ಸಿಲಿನಲ್ಲಿ ಬರೆಯಬೇಕು. ನಮ್ಮ ಆಫೀಸಿನಲ್ಲಿ ಅಚ್ಚು ಸುಳ್ಳು, ಪೆನ್ಸಿಲು ನಿಜ. ಹೊಸ ಡ್ರೈವರಿಗೆ ಹೇಳಿಕೊಡುವ ಮೊದಲ ಪಾಠ ಅದು.

ಆ ತಿಂಗಳ ಮೊದಲ ದಿನವೂ ಕುರ್ಚಿ ಹತ್ತಿದೆ. ಒಂದು ದಿನದ್ದು ಬರೆದೆ. ಆಮೇಲೆ ಪಟ್ಟಿಯ ಅಂಚಿನ ಖಾಲಿ ಜಾಗ ಕಣ್ಣಿಗೆ ಬಿತ್ತು. ಅರಮನೆಯನ್ನೇ ನುಂಗಿದ ಮೀನಿನ ಕತೆಯೊಂದನ್ನು ಅಜ್ಜಿ ಹೇಳುತ್ತಿದ್ದಳು. ಮೀನಿನ ಹೊಟ್ಟೆಯೊಳಗೂ ರಾಣಿ ಕಿಟಕಿ ತೆರೆದು ಕೂದಲು ಒಣಗಿಸುತ್ತಿದ್ದಳಂತೆ. ಆ ಮೀನಿನ ಚಿತ್ರ ಬರೆದೆ. ಕಿಟಕಿ ಬರೆದೆ. ರಾಣಿಯ ಕೂದಲು ಬರೆಯುತ್ತಿದ್ದಾಗ ಫೋನು ಬಂತು, ಇಳಿದೆ. ಮತ್ತೆ ಹತ್ತಲಿಲ್ಲ.

ಮಾರನೇ ದಿನ ಮಧ್ಯಾಹ್ನ ಮ್ಯಾನೇಜರು ಫೋನು ಮಾಡಿದ. ಅವನು ಬಂದು ಮೂರು ತಿಂಗಳಾಗಿತ್ತು. ಬಂದವನೇ ಜಾಹೀರಾತಿನಲ್ಲಿ 'ವಿಮಾನದಿಂದ ಅಲೆಗಳಿಗೆ ಮೂವತ್ತೈದು ನಿಮಿಷ' ಎಂದು ಹಾಕಿಸಿದ್ದ. ಡ್ರೈವರುಗಳು ಅವನಿಗೆ 'ಮೂವತ್ತೈದು' ಎಂದೇ ಹೆಸರಿಟ್ಟಿದ್ದರು.

"ಎರಡೂ ನಲವತ್ತರ ವಿಮಾನಕ್ಕೆ ಮೂರು ಜನ ಇದ್ದಾರೆ. ಮರಳು ದಾರೀಲೇ ಬರ್ಬೇಕು ರೀ. ನಾನೇ ಪಟ್ಟಿ ನೋಡಿದೀನಿ, ನಾಲ್ಕೂಕಾಲರ ತನಕ ಏನೂ ತೊಂದ್ರೆ ಇಲ್ಲ."

ನಾನು ಗೋಡೆ ನೋಡಿದೆ. ನಾಲ್ಕೂಕಾಲು ಎಂದೇ ಇತ್ತು. ವರ್ಷಗಟ್ಟಲೆ ಪೆನ್ಸಿಲನ್ನೇ ಓದಿದ ಕಣ್ಣು, ಪೆನ್ಸಿಲು ಇಲ್ಲದ ದಿನ ಕಂಡದ್ದನ್ನೇ ಓದಿತು. ಚಿಕ್ಕಪ್ಪನಿಗೆ ಫೋನು ಮಾಡಿದೆ.

ಚಿಕ್ಕಪ್ಪ ನಮ್ಮ ಡ್ರೈವರುಗಳಲ್ಲೇ ಹಿರಿಯ. ಮೂವತ್ತು ವರ್ಷ ಓಡಿಸಿದರೂ ಕಾರಿಗೆ ಒಂದು ಗೀರು ಬೀಳಿಸಿದವನಲ್ಲ. ಉಳಿದವರು ಅವನನ್ನು 'ಆಮೆ' ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ನನ್ನನ್ನೂ ಅಜ್ಜಿಯನ್ನೂ ಸಾಕಿದವನು ಅವನೇ.

"ಮರಳು ದಾರೀನಾ? ಪಟ್ಟಿ ನೋಡಿದ್ಯಾ ಪುಟ್ಟಿ?"

"ನೋಡ್ದೆ ಚಿಕ್ಕಪ್ಪ. ನಾಲ್ಕೂಕಾಲು. ಹೋದ ವಾರ ನೀನು ತಡ ಮಾಡಿದ್ದಕ್ಕೆ ಬೈಸಿಕೊಂಡಿದ್ದು ನಾನು. ಇವತ್ತಾದ್ರೂ ಆಮೆ ಥರ ಹೋಗ್ಬೇಡ."

"ಆಯ್ತು ತಾಯಿ," ಎಂದು ನಕ್ಕ.

ಮೂರೂವರೆಗೆ ಅವನು ಮರಳಿಗೆ ಇಳಿದ. ನೀರೂ ಆಗಲೇ ಅಲ್ಲಿಗೆ ಬಂದಿತ್ತು.

ಕಾರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ, ಹೆಂಡತಿಯ ತಾಯಿ. ಆ ತಾಯಿಗೆ ಊರುಗೋಲು. ನಡುದಾರಿಯಲ್ಲಿ ಚಕ್ರ ಹೂತಿತು, ಬಾಗಿಲ ತನಕ ನೀರು ಬಂತು. ಚಿಕ್ಕಪ್ಪ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ದಿಬ್ಬಕ್ಕೆ ಮುಟ್ಟಿಸಿದ. ಮತ್ತೆ ಹೋಗಿ ಪೆಟ್ಟಿಗೆ ತಂದ. ಮತ್ತೆ ಹೋಗಿ ಊರುಗೋಲು ತಂದ. ಯಾರಿಗೂ ಏನೂ ಆಗಲಿಲ್ಲ. ಕಾರು ಮಾತ್ರ ಮುಗಿಯಿತು. ಅದರೊಳಗಿದ್ದ ಟ್ರಿಪ್ ಶೀಟೂ ಉಪ್ಪುನೀರಿನಲ್ಲಿ ಕರಗಿ ನೀಲಿ ಗಂಜಿಯಾಯಿತು. ಯಾವ ದಾರಿ, ಯಾರು ಹೇಳಿದ್ದು ಎಂದು ನಾನು ಬರೆದಿದ್ದ ಒಂದೇ ಕಾಗದ ಅದು.

ಮರುದಿನ ಬೆಳಿಗ್ಗೆ ನಮ್ಮ ಕಾರು ಕಂಪನಿಯ ಯಜಮಾನರು ಒಂದು ಪತ್ರ ತಂದು ನನ್ನ ಮೇಜಿನ ಮೇಲಿಟ್ಟರು. ರೆಸಾರ್ಟಿನಿಂದ ಬಂದದ್ದು. 'ಚಾಲಕನು ಯಾರನ್ನೂ ಕೇಳದೆ, ಸ್ವಂತ ಅನುಕೂಲಕ್ಕಾಗಿ ಮರಳು ದಾರಿಯನ್ನು ಆರಿಸಿಕೊಂಡಿದ್ದು' ಎಂದು ಶುರುವಾಗುತ್ತಿತ್ತು. ಕೊನೆಯಲ್ಲಿ ನನ್ನ ಸಹಿಗೆ ಜಾಗ.

"ಸಹಿ ಹಾಕು. ನಾಳೆ ಸಂಜೆ ಅವರ ಹೆಡ್ ಆಫೀಸಿಂದ ಮೇಡಂ ಬರ್ತಿದ್ದಾರೆ, ವಿಚಾರಣೆಗೆ. ಅಷ್ಟರೊಳಗೆ ಇದು ಅವರ ಕೈಲಿರ್ಬೇಕು."

ಆ ಸಹಿ ಬಿದ್ದರೆ ಚಿಕ್ಕಪ್ಪನ ನಿಲ್ದಾಣದ ಪಾಸು ರದ್ದು. ಹೊರಬಾಗಿಲಲ್ಲಿ ಫಲಕ ಹಿಡಿದು ನಿಲ್ಲುವುದಕ್ಕೆ ಆ ಪಾಸು ಬೇಕೇ ಬೇಕು. ಒಮ್ಮೆ ಹೋದರೆ ಐವತ್ತೆಂಟು ವರ್ಷದವನಿಗೆ ಇನ್ನೊಂದು ಕೊಡುವವರಿಲ್ಲ. ಅವನು ಮನೆಯಲ್ಲಿ ಕೂರುವ ಗಂಡಸಲ್ಲ. ಭಾನುವಾರ ಕೂಡ ಕುರ್ಚಿಯಲ್ಲಿ ಕೂತು ಬಲಗಾಲು ಒತ್ತುತ್ತಿರುತ್ತಾನೆ, ಬ್ರೇಕು ಅಲ್ಲಿರುವ ಹಾಗೆ.

"ಸಾರ್, ಇದು ಸುಳ್ಳು. ಫೋನ್ ಮಾಡಿದ್ದು ಮ್ಯಾನೇಜರು. ಪೆನ್ಸಿಲು ಹಾಕದೇ ಇದ್ದಿದ್ದು ನಾನು. ಚಿಕ್ಕಪ್ಪ ಕೇಳಿದ್ದ, ನಾನೇ ಹೋಗು ಅಂದೆ."

"ಬಾಯಿ ಮುಚ್ಚಮ್ಮ. ರೆಸಾರ್ಟು ನಮ್ಮನ್ನ ಬಿಟ್ರೆ ಈ ಬಾಗಿಲು ಮುಚ್ಚೋದೇ. ನೀನು ಚಿಕ್ಕವಳು, ನೀನು ಉಳೀಬೇಕು. ಅವನಿಗೆ ಹೇಗೂ ವಯಸ್ಸಾಯ್ತು."

ಹೂವೆತ್ತಿದಷ್ಟು ಸಲೀಸಾಗಿ ಹೇಳಿಬಿಟ್ಟರು. ನನಗೆ ಕಿವಿಯವರೆಗೂ ಉರಿ ಹತ್ತಿತು. ಪತ್ರವನ್ನು ಚೀಲಕ್ಕೆ ತುರುಕಿಕೊಂಡೆ, ಮಡಿಸಲೂ ಇಲ್ಲ.

ಸಂಜೆ ಮನೆಗೆ ಹೋದರೆ ಚಿಕ್ಕಪ್ಪ ಅಂಗಳದಲ್ಲಿ ಕಾರಿನ ಕಾಲೊರಸುಗಳನ್ನು ಹರಡಿಕೊಂಡು ಸಿಹಿನೀರಿನಲ್ಲಿ ತೊಳೆಯುತ್ತಿದ್ದ. ಕಾರೇ ಇಲ್ಲ, ಕಾಲೊರಸು ತೊಳೆಯುತ್ತಿದ್ದಾನೆ! ಪತ್ರ ತೋರಿಸಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದ.

"ಹಾಕ್ಬಿಡು ಮಗಾ. ನಿನ್ನ ಕೆಲಸ ಉಳೀಲಿ."

"ನಿನಗೆ ಸಿಟ್ಟೇ ಬರಲ್ವಾ?"

"ಬಂದ್ರೆ ಏನು ಮಾಡ್ಲಿ, ಸಮುದ್ರಕ್ಕೆ ಬೈಲಾ?"

"ನನಗಾದ್ರೂ ಬೈ! ತಪ್ಪು ನನ್ನದು. ಮೀನು ಬರೀತಾ ಕೂತಿದ್ದೆ. ಬೈ!"

ಅವನು ಬೈಯಲಿಲ್ಲ. ಕಾಲೊರಸು ಕೊಡವಿದ. ಉಪ್ಪು ನನ್ನ ಮುಖಕ್ಕೆ ಸಿಡಿಯಿತು. ಒಬ್ಬ ಮನುಷ್ಯ ಇಷ್ಟು ಒಳ್ಳೆಯವನಾಗಿರುವುದು ಎದುರಿಗಿದ್ದವರಿಗೆ ಎಂಥ ಶಿಕ್ಷೆ ಎಂದು ಆವತ್ತು ಗೊತ್ತಾಯಿತು.

ಅಜ್ಜಿ ಒಳಗಿನಿಂದಲೇ ಕೇಳಿದಳು: "ಯಾರೇ ಅದು ಕೂಗಾಡ್ತಿರೋದು?"

"ನಾನು ಅಜ್ಜಿ. ನೀನು ಹೇಳಿದ ಮೀನಿನ ಕತೇಲಿ ರಾಣಿ ಕೊನೆಗೆ ಹೇಗೆ ಹೊರಗೆ ಬಂದ್ಲು?"

"ಅಷ್ಟೂ ನೆನಪಿಲ್ವಾ? ಬರೋ ಹೋಗೋರಿಗೆಲ್ಲ ಕಿಟಕಿಯಿಂದ ಕೂಗಿ ಕೂಗಿ ಹೇಳಿದ್ಲು, ನಾನಿಲ್ಲಿದೀನಿ ಅಂತ. ಮೀನಿಗೆ ಹೊಟ್ಟೆನೋವು ಬಂತು, ಉಗುಳ್ತು. ನೀನು ಯಾವಾಗ್ಲೂ ಕಿಟಕಿ ಹತ್ರಾನೇ ನಿದ್ದೆ ಹೋಗ್ತಿದ್ದೆ, ಕೊನೇದು ಎಲ್ಲಿ ಕೇಳಿಸ್ಕೊಂಡೆ?"

ಮಾರನೇ ದಿನ ಹನ್ನೊಂದಕ್ಕೆ 'ಮೂವತ್ತೈದು' ಫೋನು ಮಾಡಿದ.

"ಹೆಡ್ ಆಫೀಸ್ ಮೇಡಂದು ನಾಲ್ಕೂ ಇಪ್ಪತ್ತರ ವಿಮಾನ. ಒಳ್ಳೆ ಕಾರು ಕಳ್ಸಿ. ಆ ಸಹಿ ಮಾಡಿದ ಪತ್ರಾನೂ ಡ್ರೈವರ್ ಕೈಲಿ ಕೊಡಿ. ಮತ್ತೆ, ಮರಳು ದಾರೀಲೇ ಬರ್ಲಿ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಏನಂದ್ರಿ?"

"ಮೂವತ್ತೈದು ನಿಮಿಷ ಆಗತ್ತೆ ಅನ್ನೋದು ಅವರಿಗೂ ಗೊತ್ತಾಗ್ಲಿ. ಇವತ್ತು ಐದೂ ಐವತ್ತೈದರ ತನಕ ದಾರಿ ಇದೆ. ಪಟ್ಟಿ ನನ್ನ ಮುಂದೇನೇ ಇದೆ."

"ಅದು ಬಂದರಿನ ಪಟ್ಟಿ ಸಾರ್. ಮುಕ್ಕಾಲು ಗಂಟೆ ಕಳೀಬೇಕು. ಐದೂ ಹತ್ತಕ್ಕೇ ನೀರು ಬರತ್ತೆ. ಮೊನ್ನೆ ಬಂದಿದ್ದೂ ಹಾಗೇ."

"ನೋಡಮ್ಮ, ಈ ಅಡಗೂಲಜ್ಜಿ ಕತೆಯೆಲ್ಲ ನನ್ನ ಹತ್ರ ಬೇಡ. ಮೊನ್ನೆ ಆಗಿದ್ದು ಡ್ರೈವರ್ ತಪ್ಪು."

"ಹಾಗಿದ್ರೆ ಮರಳು ದಾರೀಲೇ ಬರ್ಬೇಕು ಅಂತ ಎರಡು ಸಾಲು ಬರೆದು ಕಳ್ಸಿ."

"ಬರೆಯೋದೆಲ್ಲ ಯಾಕೆ? ಹೇಳ್ತಿದೀನಲ್ಲ."

ಹೌದು, ಅವನು ಯಾವತ್ತೂ ಬರೆಯುವುದಿಲ್ಲ. ಹೇಳುತ್ತಾನೆ. ಹೇಳಿದ್ದು ಗಾಳಿಗೆ ಹೋಗುತ್ತದೆ, ನಾನು ಬರೆದದ್ದು ನೀರಿಗೆ ಹೋಗುತ್ತದೆ, ಅವನು ಕೈ ತೊಳೆದುಕೊಂಡು ತಣ್ಣಗೆ ಇರುತ್ತಾನೆ. ಫೋನನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಕುರ್ಚಿಯ ಗಿಡ್ಡ ಕಾಲು ಒಮ್ಮೆ ಕುಣಿಯಿತು. ಅಡಗೂಲಜ್ಜಿ ಕತೆಯಂತೆ! ನನ್ನ ಅಜ್ಜಿಯ ಕತೆಯಲ್ಲಿ ಮೀನಿಗೂ ಇವನಿಗಿಂತ ಹೆಚ್ಚು ನಾಚಿಕೆ ಇತ್ತು.

ಯಜಮಾನರು ನೀರು ಕುಡಿದ ಕಾರು ನೋಡಲು ಗ್ಯಾರೇಜಿಗೆ ಹೋಗಿದ್ದರು. ನಾನು ಹೊಸ ಟ್ರಿಪ್ ಶೀಟು ತೆಗೆದೆ. ವಿಮಾನ, ಹೊತ್ತು, ಒಬ್ಬರು. ಕಾರು: ಆಫೀಸಿನ ಬಿಳಿ ಕಾರು. ದಾರಿ: ಗುಡ್ಡದ ರಸ್ತೆ. ಡ್ರೈವರ್ ಎಂಬಲ್ಲಿ ಚಿಕ್ಕಪ್ಪನ ಹೆಸರು. ಯಜಮಾನರು ಅವನನ್ನು ಮನೆಯಲ್ಲಿ ಕೂರಿಸಿದ್ದರು ನಿಜ, ಆದರೆ ಪಾಸು ಇನ್ನೂ ಅವನ ಕೊರಳಲ್ಲೇ ಇತ್ತು.

ಟ್ರಿಪ್ ಶೀಟಿನ ಕೆಳಗೆ 'ಷರಾ' ಎಂದು ನಾಲ್ಕು ಬೆರಳಿನಷ್ಟು ಜಾಗವಿದೆ. ಅದರ ಕೆಳಗೆ ಪ್ರಯಾಣಿಕರ ಸಹಿ. ಸಹಿ ಇಲ್ಲದೆ ಟ್ರಿಪ್ಪು ಮುಗಿಯುವುದಿಲ್ಲ. ಯಾರೇ ಇಳಿಯಲಿ, ಡ್ರೈವರು ಶೀಟು ಚಾಚುತ್ತಾನೆ, ಅವರು ಹಾಕುತ್ತಾರೆ. ಷರಾ ಜಾಗ ಸಾಮಾನ್ಯವಾಗಿ ಖಾಲಿ.

ನಾನು ತುಂಬಿಸಿದೆ. ಸಣ್ಣ ಅಕ್ಷರದಲ್ಲಿ, ಸಾಲದಾಗ ಹಿಂಬದಿಯಲ್ಲೂ. ಎರಡನೇ ತಾರೀಖು ಮ್ಯಾನೇಜರು ಫೋನಿನಲ್ಲಿ ಹೇಳಿದ್ದು. ನಾನು ಪೆನ್ಸಿಲು ಹಾಕದೆ ಮೀನು ಬರೆದದ್ದು. ಡ್ರೈವರು 'ಪಟ್ಟಿ ನೋಡಿದ್ಯಾ' ಎಂದು ಕೇಳಿದ್ದು, ನಾನು ಗದರಿಸಿ ಕಳಿಸಿದ್ದು. ಮುದುಕಿಯನ್ನು ಹೊತ್ತದ್ದು. ಇವತ್ತು ಹನ್ನೊಂದಕ್ಕೆ ಮತ್ತೆ ಅದೇ ಮರಳು ದಾರಿಗೆ ಅಪ್ಪಣೆ ಬಂದದ್ದು, ನಾನು ಒಪ್ಪದೆ ಇದ್ದದ್ದು. ಸಹಿಯಿಲ್ಲದ ಆ ಪತ್ರವನ್ನೂ ಹಿಂದೆ ಪಿನ್ನು ಮಾಡಿದೆ.

ಚಿಕ್ಕಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ. "ಯಜಮಾನ್ರು ಒಪ್ಪಿದ್ರಾ?"

"ಹೋಗು ಚಿಕ್ಕಪ್ಪ."

"ಪಟ್ಟಿ ನೋಡಿದ್ಯಾ?"

"ಗುಡ್ಡದ ರಸ್ತೆ. ಆಮೆ ಥರಾನೇ ಹೋಗು. ಆಮೇಲೆ, ಈ ಶೀಟು ಅವರು ಇಳಿಯುವಾಗಲ್ಲ, ಹತ್ತುವಾಗಲೇ ಕೊಡು. ಓದೋಕೆ ಹೊತ್ತು ಬೇಕಾಗತ್ತೆ."

ಅವನು ಶೀಟು ನೋಡಿದ, ನನ್ನನ್ನು ನೋಡಿದ. ಕನ್ನಡಕ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.

ಏಳೂಕಾಲಿಗೆ ವಾಪಸು ಬಂದ. ಆಗ ಯಜಮಾನರೂ ಅಲ್ಲೇ ಇದ್ದರು, ಕೆಂಡದ ಹಾಗೆ. ಚಿಕ್ಕಪ್ಪ ಅವರನ್ನು ನೋಡದೆ ನನಗೇ ಹೇಳಿದ:

"ಆ ಮೇಡಂ ಅರ್ಧ ದಾರಿ ಓದಿದ್ರು. ಕವಲು ಬಂದಾಗ ನಿಲ್ಸಿ ಅಂದ್ರು. ಇಳಿದು ಮರಳು ದಾರಿ ಬಾಯಲ್ಲಿ ವಾಚು ನೋಡ್ಕೊಂಡು ನಿಂತ್ರು. ಐದೂ ಹತ್ತು. ಹೊಳೆ ಕಡೆಯಿಂದ ನೀರು ಬಂತು ಪುಟ್ಟಿ. ಅವರ ಚಪ್ಪಲಿ ತನಕ ಬಂತು. ಅಲ್ಲಾಡ್ಲಿಲ್ಲ. 'ಹೂಂ' ಅಂದ್ರು, ಹತ್ತಿ ಕೂತ್ರು."

ಶೀಟು ಕೊಟ್ಟ. ಸಹಿ ಇತ್ತು. ಅದರ ಪಕ್ಕದಲ್ಲಿ ಒಂದು ಸಾಲು: 'ಚಾಲಕರದು ತಪ್ಪಿಲ್ಲ. 5.10ಕ್ಕೆ ನಾನೇ ನೋಡಿದೆ.' ಪಿನ್ನು ಮಾತ್ರ ಉಳಿದಿತ್ತು. ಪತ್ರವನ್ನು ಅವರೇ ಇಟ್ಟುಕೊಂಡಿದ್ದರು.

ಅಜ್ಜಿಯ ಕತೆಯಾಗಿದ್ದರೆ ರಾಕ್ಷಸ ಅಲ್ಲಿಗೆ ಬೂದಿಯಾಗಬೇಕು. 'ಮೂವತ್ತೈದು' ಈಗಲೂ ಅಲ್ಲೇ ಇದ್ದಾನೆ. ಜಾಹೀರಾತಿನಿಂದ ಆ ನಿಮಿಷಗಳನ್ನು ಮಾತ್ರ ತೆಗೆದರು. ಚಿಕ್ಕಪ್ಪನ ಪಾಸು ಉಳಿಯಿತು. ಮರುದಿನ ಬೆಳಿಗ್ಗೆ ಯಜಮಾನರು ನನ್ನ ಮುಖ ನೋಡದೆ ಹೇಳಿದರು: "ನಾಳೆಯಿಂದ ಬರೋದು ಬೇಡ. ತಪ್ಪು ನಿಂದೇ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲ."

"ಹೌದು. ಆ ಮ್ಯಾನೇಜರೂ ಅವನದ್ದು ಬರ್ದು ಕೊಡ್ಲಿ. ನೀವೂ ನಿಮ್ದು ಬರ್ದು ಕೊಡಿ," ಎಂದೆ. ನನ್ನ ದನಿ ಮೆಟ್ಟಿಲಿನ ಮೇಲಿನವರಿಗೂ ಕೇಳಿಸಿರಬೇಕು. ಹೆಜ್ಜೆ ಸದ್ದು ನಿಂತಿತು. ಯಜಮಾನರು ಹೊರಗೆ ಹೋದರು.

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಈಗ ಅವನಿಗೆ ಸಿಟ್ಟು ಬಂದಿತ್ತು, ಜೀವಮಾನದಲ್ಲಿ ಮೊದಲ ಸಲ ಇರಬೇಕು, ಕುತ್ತಿಗೆಯ ನರ ಉಬ್ಬಿತ್ತು. "ಯಾರು ಹೇಳಿದ್ರು ನಿನಗೆ ಅದನ್ನೆಲ್ಲ ಬರಿ ಅಂತ? ನಾನು ಸಹಿ ಹಾಕು ಅಂದಿರ್ಲಿಲ್ವಾ? ನನ್ನ ಪಾಸು ಇಟ್ಕೊಂಡು ನಾನು ಏನು ಮಾಡ್ಲಿ, ನೀನು ಮನೇಲಿ ಕೂತ್ರೆ?"

"ಬೈ," ಎಂದೆ. "ಇನ್ನೂ ಬೈ."

ಅವನು ಬೈದ. ನಾನು ಗಿಡ್ಡ ಕಾಲಿನ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು ಹತ್ತಿದೆ. ತಿಂಗಳು ಮುಗಿಯಲು ಇನ್ನೂ ಇಪ್ಪತ್ತಾರು ದಿನ ಇದ್ದವು. ನನ್ನ ಜಾಗಕ್ಕೆ ಬರುವವರು ಯಾರೋ, ಅವರ ಕಣ್ಣೂ ಕಂಡದ್ದನ್ನೇ ಓದುತ್ತದೆ. ಒಂದೊಂದೇ ದಿನಕ್ಕೆ ಮುಕ್ಕಾಲು ಗಂಟೆ ಕಳೆಯುತ್ತ ಒತ್ತಿ ಒತ್ತಿ ಬರೆದೆ. ಒಂಬತ್ತನೇ ತಾರೀಖಿನ ಹತ್ತಿರ ಸೀಸ ಪಟಕ್ಕನೆ ಮುರಿಯಿತು.

ಬೈಯುತ್ತಲೇ ಚಿಕ್ಕಪ್ಪ ಒಂದು ಕೈಯಲ್ಲಿ ಕುರ್ಚಿಯ ಗಿಡ್ಡ ಕಾಲು ಅಲುಗದಂತೆ ಹಿಡಿದುಕೊಂಡಿದ್ದ. ಇನ್ನೊಂದು ಕೈಯಿಂದ ಜೇಬಿನ ಪೆನ್ಸಿಲು ತೆಗೆದು ಮೇಲೆ ಚಾಚಿದ.